ಎಳೆದರೆ ಬಿಚ್ಚುವ ಕಟ್ಟು

2024ರ ನವೆಂಬರ್ 22, ಶುಕ್ರವಾರ ಬೆಳಿಗ್ಗೆ 9.40ಕ್ಕೆ ಹುಣಸೂರಿನ ಹೊರವಲಯದ ಠಾಣೆಗೆ ಚಾಮಯ್ಯ ಎಂಬವರು ಬಂದರು. ವಯಸ್ಸು ಅರವತ್ತೆರಡು. ತಂಬಾಕು ಕೂಲಿಕಾರ್ಮಿಕರ ಕಾಲೋನಿಯ ಸಂಘದ ಅಧ್ಯಕ್ಷರು. ಅವರ ಹಿಂದೆ ಹತ್ತು ಹನ್ನೆರಡು ಜನ ಮೆಟ್ಟಿಲವರೆಗೂ ಬಂದು, ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಅಲ್ಲೇ ನಿಂತುಕೊಂಡರು.

ದೂರು ಇಷ್ಟೇ. ಮುಖ್ಯರಸ್ತೆಯ ತಿರುವಿನಲ್ಲಿದ್ದ ಕಾಲೋನಿಯ ಬೋರ್ಡು ಬೆಳಗಿನ ಜಾವ ಕಳುವಾಗಿತ್ತು.

ಹೆಡ್ ಕಾನ್‌ಸ್ಟೆಬಲ್ ಜವರಯ್ಯ ಪೆನ್ನು ಕೆಳಗಿಟ್ಟ. "ಬೋರ್ಡ? ಯಾವನ್ರೀ ಅದನ್ನ ತಗಂಡೋಗಿ ತನ್ನ ಮನೆ ಮುಂದೆ ನೇತಾಕ್ಕಳೋನು?"

"ಇಪ್ಪತ್ತೊಂದು ವರ್ಷ ಅರ್ಜಿ ಕೊಟ್ಟು ಆಕಿಸ್ಕಂಡಿದ್ದು ಸ್ವಾಮಿ," ಎಂದರು ಚಾಮಯ್ಯ. "ನಮ್ಮ ದೊಡ್ಡಬೀರಯ್ಯಂಗೆ ಎದೆನೋವು ಬಂದಾಗ ಆಂಬುಲೆನ್ಸು ದಾರಿ ಸಿಗ್ದೆ ಪಕ್ಕದ ಲೇಔಟ್‌ನಲ್ಲೇ ಸುತ್ತಾಡ್ತಿತ್ತು. ಅವನು ಸತ್ತೋದ. ಬೋರ್ಡು ಆಮೇಲೆ ಬಂತು."

ಜವರಯ್ಯ ಪೆನ್ನು ಕೈಗೆತ್ತಿಕೊಂಡ.

ಪಕ್ಕದ ಮೇಜಿನಲ್ಲಿದ್ದ ಪಿಎಸ್‌ಐ ಮಧುಶ್ರೀ ತಲೆಯೆತ್ತಲಿಲ್ಲ. ಇಪ್ಪತ್ತೊಂಬತ್ತರ ಹುಡುಗಿ. ಈ ಠಾಣೆಗೆ ಬಂದು ಏಳು ತಿಂಗಳಾಗಿತ್ತು. ಊರು ಯಾವುದೆಂದು ಕೇಳಿದವರಿಗೆಲ್ಲ ಮೈಸೂರು ಎಂದೇ ಹೇಳಿದ್ದಳು. ಮೈಸೂರಿನಲ್ಲಿ ಯಾವ ಕಡೆ ಎಂದು ಕೇಳುವಷ್ಟರಲ್ಲಿ ಮಾತು ಬದಲಿಸುವುದನ್ನು ಎಂದೋ ಕಲಿತಿದ್ದಳು.

ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ ಮತ್ತು ಕಳವಿನ ಕಲಮಿನಡಿ ಎಫ್.ಐ.ಆರ್. ದಾಖಲಾಯಿತು. ತನಿಖೆಯನ್ನು ಇನ್‌ಸ್ಪೆಕ್ಟರ್ ಗುರುಮಲ್ಲಪ್ಪ ಮಧುಶ್ರೀಗೆ ವಹಿಸಿದರು. ಬೋರ್ಡು ಸಿಗದಿದ್ದರೆ ಸೋಮವಾರ ರಸ್ತೆ ತಡೆಯುತ್ತೇವೆಂದು ಕಾಲೋನಿಯ ಯುವಕರು ಹೇಳಿ ಹೋಗಿದ್ದರು. ಅದಕ್ಕೆ ಮೊದಲು ಯಾರಾದರೊಬ್ಬರು ಸಿಗಬೇಕು ಎಂಬುದು ಇನ್‌ಸ್ಪೆಕ್ಟರ ಮಾತು.

11.15ಕ್ಕೆ ಸ್ಥಳ ಪಂಚನಾಮೆ. ತಿರುವಿನಲ್ಲಿ ಎರಡು ಕಬ್ಬಿಣದ ಕಂಬಗಳು ನಿಂತಿದ್ದವು, ನಡುವೆ ಏನೂ ಇರಲಿಲ್ಲ. ನಾಲ್ಕು ಬೋಲ್ಟುಗಳನ್ನೂ ಸ್ಪ್ಯಾನರ್ ಹಾಕಿ ಸಾವಧಾನವಾಗಿ ಬಿಚ್ಚಿದ್ದರು. ಆ ತಿರುವಿನಿಂದ ಒಂದೇ ರಸ್ತೆ ಒಳಗೆ ಹೋಗುತ್ತದೆ. ಮೊದಲು ಸಿಗುವುದು ಶ್ರೀನಿಧಿ ಲೇಔಟ್. ಅದರ ಕಮಾನು, ಕಾರಂಜಿ, ಬಣ್ಣದ ಮನೆಗಳು. ಆ ಮನೆಗಳ ಬೆನ್ನಿಗೆ ಕಾಲೋನಿ. ನೂರ ನಲವತ್ತು ಶೀಟಿನ ಮನೆಗಳು, ಎರಡು ನಲ್ಲಿ, ಬಾಗಿಲ ಮುಂದೆ ಹರಿಯುವ ಚರಂಡಿ. ತಮ್ಮ ಕಮಾನಿನ ಪಕ್ಕದಲ್ಲೇ ಆ ಬೋರ್ಡು ಬೇಡವೆಂದು ಲೇಔಟಿನವರು ಎರಡು ಸಲ ನಗರಸಭೆಗೆ ಬರೆದಿದ್ದರು. ಒಂದು ತಿಂಗಳ ಹಿಂದೆ ಅವರ ಕಾವಲುಗಾರ ನಿಂಗ ಅದರ ಮೇಲೆ ಫ್ಲೆಕ್ಸ್ ಹೊದಿಸಿದ್ದ. ಕಾಲೋನಿಯವರು ಗಲಾಟೆ ಮಾಡಿದ ಮೇಲೆ ಅವನೇ ತೆಗೆದಿದ್ದ.

ಮಹಜರು ಬರೆಯುತ್ತಿದ್ದಾಗ ಕೆ.ಆರ್. ನಗರದ ಕಡೆಯಿಂದ ಬಂದ ಒಂದು ಕಾರು ತಿರುವಿನಲ್ಲಿ ನಿಂತಿತು. ರೇಷ್ಮೆ ಸೀರೆಯ ಇಬ್ಬರು ಹೆಂಗಸರು, ಪಂಚೆಯುಟ್ಟ ಒಬ್ಬ ಹಿರಿಯರು. ದಾರಿ ಕೇಳುವ ಮೊದಲೇ ಒಳಗಿನಿಂದ ಒಬ್ಬ ಹುಡುಗಿ ಬೇಗ ಬೇಗ ನಡೆದು ಬಂದು, ಪೊಲೀಸರನ್ನು ಕಂಡು ಮುಖ ತಿರುಗಿಸಿ, ಕಾರನ್ನು ಕಮಾನಿನೊಳಗೆ ಕರೆದುಕೊಂಡು ಹೋದಳು. ಆ ಹುಡುಗಿ ಸೆರಗನ್ನು ಎರಡು ಸಲ ಸರಿಮಾಡಿಕೊಂಡ ರೀತಿ ಮಧುಶ್ರೀಯ ಕಣ್ಣಿಗೆ ಬಿತ್ತು. ನೋಡಬಾರದ್ದನ್ನು ನೋಡಿದವಳಂತೆ ಅವಳು ಮತ್ತೆ ಕಾಗದದ ಮೇಲೆ ಬಗ್ಗಿದಳು.

ಮಧ್ಯಾಹ್ನ ನಿಂಗನ ವಿಚಾರಣೆ. ಎಚ್.ಡಿ. ಕೋಟೆಯಾಚೆಯ ಕಾಡಂಚಿನ ಹಾಡಿಯವನು, ನಲವತ್ತರ ಆಸುಪಾಸು. ಅವನು ಕೂರುವ ಕುರ್ಚಿಯಿಂದ ಬೋರ್ಡಿಗೆ ಮೂವತ್ತು ಅಡಿ.

"ಬೆಳಗಿನ ಜಾವ ಎಲ್ಲಿದ್ದೆ?" ಎಂದು ಜವರಯ್ಯ ಕೇಳಿದ.

"ಅಲ್ಲೇ ಇದ್ದೆ ಸಾ."

"ಮೂವತ್ತಡಿ ದೂರದಲ್ಲಿ ಬೋರ್ಡ್ ಬಿಚ್ಚವ್ರೆ. ಯಾರು?"

"ಕಾಣ್ನಿಲ್ಲ ಸಾ."

"ನಿದ್ದೆ ಮಾಡ್ತಿದ್ದಾ?"

"ಇಲ್ಲ ಸಾ."

ನಿದ್ದೆ ಬಂದಿತ್ತೆಂದು ಹೇಳಿದ್ದರೂ ಬಚಾವಾಗುತ್ತಿದ್ದ. ಅದನ್ನೂ ಹೇಳಲಿಲ್ಲ. ಸಂಜೆ ಮನೆಗೆ ಕಳಿಸಿ, ಬೆಳಿಗ್ಗೆ ಎಂಟಕ್ಕೆ ಬಾ ಎಂದರು. ಶನಿವಾರ ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ.

ಅದೇ ಬೆಳಿಗ್ಗೆ 8.30ಕ್ಕೆ ಬೋರ್ಡು ಸಿಕ್ಕಿತು. ಲೇಔಟಿನ ಹಿಂದಿನ ಒಣ ಕಾಲುವೆಯಲ್ಲಿ, ಲಾಂಟಾನದ ಪೊದೆಯೊಳಗೆ, ಎರಡು ಗೋಣಿತಾಟು ಸುತ್ತಿ ದಾರದಿಂದ ಕಟ್ಟಿಟ್ಟಿದ್ದರು. ಇಬ್ಬರು ಪಂಚರ ಎದುರು ಜವರಯ್ಯ ಕಟ್ಟು ಬಿಚ್ಚಲು ಕೂತ. ಗಂಟು ಎಲ್ಲಿದೆ ಎಂದೇ ಅವನಿಗೆ ಸಿಗಲಿಲ್ಲ. ತಿರುಗಿಸಿದ, ಮಗುಚಿದ, ಕೊನೆಗೆ ಬ್ಲೇಡಿನಿಂದ ಕುಯ್ದ. ಬೋರ್ಡಿನ ಬಣ್ಣಕ್ಕೆ ಒಂದು ಗೀರೂ ಆಗಿರಲಿಲ್ಲ. ಒಳಗೊಂದು ಪ್ಲಾಸ್ಟಿಕ್ ಕವರು, ಅದರಲ್ಲಿ ನಾಲ್ಕು ಬೋಲ್ಟು, ನಾಲ್ಕು ನಟ್ಟು.

ಮಧುಶ್ರೀಗೆ ಗಂಟು ಹುಡುಕಬೇಕಾಗಿರಲಿಲ್ಲ. ಆ ಕಟ್ಟಿನಲ್ಲಿ ಗಂಟೇ ಇರುವುದಿಲ್ಲ. ಹೊಗೆಸೊಪ್ಪನ್ನು ಬೇಯಿಸುವ ಗೂಡಿಗೆ, ಅಂದರೆ ಬ್ಯಾರನ್ನಿಗೆ, ಏರಿಸುವ ಮೊದಲು ಉದ್ದನೆಯ ಕಡ್ಡಿಗೆ ಕಟ್ಟುತ್ತಾರಲ್ಲ, ಅದೇ ಕಟ್ಟು. ಈ ಕಡೆ ಮೂರೆಲೆ, ಆ ಕಡೆ ಮೂರೆಲೆ, ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ. ಎಷ್ಟೇ ಭಾರ ತೂಗಿದರೂ ಜಾರದು. ಸೊಪ್ಪು ಬೆಂದು ಇಳಿದ ಮೇಲೆ ದಾರದ ತುದಿ ಹಿಡಿದು ಒಂದು ಸಲ ಎಳೆದರೆ ಇಡೀ ಕಡ್ಡಿ ಸರ್ರನೆ ಬಿಚ್ಚಿಕೊಳ್ಳುತ್ತದೆ. ಪಿರಿಯಾಪಟ್ಟಣದ ಅಂಚಿನ ಇಂಥದ್ದೇ ಒಂದು ಕಾಲೋನಿಯಲ್ಲಿ ಹುಟ್ಟಿ, ಅಮ್ಮ ಪುಟ್ಟತಾಯಮ್ಮನ ಪಕ್ಕ ಕೂತು ಹದಿನಾರನೇ ವಯಸ್ಸಿನವರೆಗೆ ಅವಳು ಕಟ್ಟಿದ ಕಡ್ಡಿಗಳಿಗೆ ಲೆಕ್ಕವಿಲ್ಲ. ಬೆರಳಿಗೆ ಹತ್ತಿದ ಆ ಕಪ್ಪು ಅಂಟು ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಕಾಲೇಜಿನ ಮೊದಲ ವರ್ಷವಿಡೀ ಕೈಯನ್ನು ಪುಸ್ತಕದ ಕೆಳಗಿಟ್ಟುಕೊಂಡು ಕೂತಿದ್ದಳು.

ಇನ್ನೂ ಒಂದು ಸಂಗತಿ ಕಂಡಿತು. ಕುಣಿಕೆಗಳು ಎಡಕ್ಕೆ ತಿರುಗಿದ್ದವು. ಕಟ್ಟಿದ ಕೈ ಎಡಗೈ.

"ಹಾಡಿಯೋರ ಕಟ್ಟು ಇದು," ಎಂದರು ಗುರುಮಲ್ಲಪ್ಪ, ಕುಯ್ದ ದಾರವನ್ನು ನೋಡುತ್ತ. "ಕಾಡಲ್ಲಿ ಸೌದೆ ಹೊರೆ ಕಟ್ಟೋರಿಗೆ ಮಾತ್ರ ಬರುತ್ತೆ. ಲೇಔಟ್‌ನೋರು ಹೇಳವ್ರೆ, ಇವನು ಮಾಡವ್ನೆ. ಏನ್ ಮಧುಶ್ರೀ?"

ಪಂಚರು ಅವಳ ಮುಖ ನೋಡಿದರು. ಜವರಯ್ಯನೂ ನೋಡಿದ. ಅಲ್ಲ ಸರ್ ಎಂದರೆ, ನಿನಗೆ ಹೇಗೆ ಗೊತ್ತು ಎಂಬುದೇ ಮುಂದಿನ ಪ್ರಶ್ನೆ.

"ಇರಬಹುದು ಸರ್," ಎಂದಳು.

ಪಂಚನಾಮೆಯಲ್ಲಿ 'ಅಪರಿಚಿತ ರೀತಿಯ ಕಟ್ಟು' ಎಂದು ಅವಳ ಕೈಯೇ ಬರೆಯಿತು.

ಮಧ್ಯಾಹ್ನ 12.30ಕ್ಕೆ ನಿಂಗನ ದಸ್ತಗಿರಿಯಾಯಿತು. ನಾಲ್ಕು ಗಂಟೆಗೆ ಅವನ ಹೆಂಡತಿ ಕೆಂಚಿ ಎರಡು ಬಸ್ಸು ಬದಲಿಸಿ ಬಂದಳು. ಬಟ್ಟೆಯಲ್ಲಿ ಸುತ್ತಿದ ಮುದ್ದೆ ತಂದಿದ್ದಳು. ಒಳಗೆ ಬಾ ಎಂದರೂ ಬಾರದೆ ಹೊಂಗೆಮರದ ಕೆಳಗೆ ಕೂತಳು. ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು.

ಆ ಮರದ ಕೆಳಗೆ ಆಗಸ್ಟಿನಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದಳು. ಚೀಲದಲ್ಲಿ ಅಲಸಂದೆಕಾಯಿ, ರಾಗಿ ರೊಟ್ಟಿ. ಯಾರು ಮೇಡಂ ಎಂದು ಜವರಯ್ಯ ಕೇಳಿದಾಗ ಮಧುಶ್ರೀ, ಏನೋ ಅರ್ಜಿ ಕೊಡೋಕೆ ಬಂದವ್ರೆ ಎಂದಿದ್ದಳು. ಅವನು ಸಂದರ್ಶಕರ ರಿಜಿಸ್ಟರಿನಲ್ಲಿ ಹಾಗೆಯೇ ಬರೆದಿದ್ದ. ಪುಟ್ಟತಾಯಮ್ಮ, ಪಿರಿಯಾಪಟ್ಟಣ. ಉದ್ದೇಶ: ಅರ್ಜಿ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ, ಜವರಯ್ಯ ಕೊಟ್ಟ ನೀರು ಕುಡಿದು, ಬಸ್ಸು ಹತ್ತಿದ್ದಳು. ಮತ್ತೆ ಬಂದಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ ನಿಂಗನನ್ನು ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸಬೇಕಿತ್ತು. ಆಮೇಲೆ ಅವನು ಜೈಲಿಗೆ. ಬೆಳಿಗ್ಗೆ 6.45ಕ್ಕೆ ಮಧುಶ್ರೀ ಠಾಣೆಗೆ ಬಂದಾಗ ಕೆಂಚಿ ಅದೇ ಜಾಗದಲ್ಲಿದ್ದಳು. ಹಾಗಾದರೆ ರಾತ್ರಿಯೂ ಅಲ್ಲೇ ಇದ್ದಳು. ಕೈ ಮುಗಿಯಲಿಲ್ಲ, ಬೇಡಲಿಲ್ಲ. ಸುಮ್ಮನೆ ನೋಡಿದಳು. ಮಧುಶ್ರೀ ಒಳಗೆ ಹೋಗಲಾರದೆ ಜೀಪಿನ ಹತ್ತಿರ ಹೋದಳು.

"ಜವರಯ್ಯ, ಕಂಪಲಾಪುರದ ಕಡೆ ಹೋಗಬೇಕು."

"ಅಲ್ಲೇನೈತೆ ಮೇಡಂ?"

"ಬ್ಯಾರನ್ನು. ಕಾಲೋನಿಯ ಹೆಂಗಸರು ಅಲ್ಲಿಗೇ ಕೂಲಿಗೆ ಹೋಗೋದು."

ಕೊನೆಯ ಕೊಯ್ಲಿನ ಸೊಪ್ಪು. ಬ್ಯಾರನ್ನಿನ ಮುಂದಿನ ಚಪ್ಪರದಡಿ ಇಪ್ಪತ್ತು ಹೆಂಗಸರು ಕಡ್ಡಿ ಕಟ್ಟುತ್ತಿದ್ದರು. ಜೀಪು ಕಂಡು ಮಾತು ನಿಂತಿತು. ಎಲ್ಲರ ಕೈಯನ್ನೂ ನೋಡಬೇಕಿತ್ತು. ಆದರೆ ಸಮವಸ್ತ್ರದ ಎದುರು ಯಾರ ಕೈಯೂ ಮೊದಲಿನಂತೆ ಆಡಲಿಲ್ಲ. ಎಲ್ಲರೂ ಎಲೆ ಹಿಡಿದು ಸುಮ್ಮನೆ ಕೂತರು.

ಮಧುಶ್ರೀ ಟೋಪಿ ತೆಗೆದಿಟ್ಟಳು. ಒಂದು ಖಾಲಿ ಕಡ್ಡಿ ಎಳೆದುಕೊಂಡು ನೆಲದ ಮೇಲೆ ಕೂತಳು. ಮೂರೆಲೆ ಈ ಕಡೆ, ಮೂರೆಲೆ ಆ ಕಡೆ. ಮೊದಲ ಎರಡು ಕುಣಿಕೆ ಸಡಿಲವಾದವು. ಮೂರನೆಯದರಿಂದ ಕೈ ತಾನಾಗಿ ಓಡತೊಡಗಿತು. ಜವರಯ್ಯ ಜೀಪಿಗೊರಗಿ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಕೈ ನಿಲ್ಲಿಸಲಿಲ್ಲ.

"ಅಯ್ಯೋ, ನಮ್ಮ ಮೇಡಮ್ಮು ನಿನ್ಗಿಂತ ಜೋರವ್ರೆ ಕಣಮ್ಮಿ," ಎಂದಳೊಬ್ಬಳು ಪಕ್ಕದವಳಿಗೆ.

"ಯಾವೂರವ್ವ ನಿಮ್ದು?"

"ಪಿರಿಯಾಪಟ್ಟಣ," ಎಂದಳು ಮಧುಶ್ರೀ. "ಅಲ್ಲಿ ಕೂಲಿ ಕಾಲೋನಿ."

ನಗು ಹರಡಿತು. ಕೈಗಳು ಮತ್ತೆ ಆಡತೊಡಗಿದವು. ಒಬ್ಬಳು ಮಾತ್ರ ಕಟ್ಟಲಿಲ್ಲ. ಐವತ್ತರ ಸಣಕಲು ಹೆಂಗಸು ಚಪ್ಪರದ ತುದಿಯಲ್ಲಿ ಎಡಗೈಯಲ್ಲಿ ದಾರ ಹಿಡಿದು ಕೂತಿದ್ದಳು. ಅವಳ ಮುಂದೆ ಅರ್ಧ ಕಟ್ಟಿದ ಕಡ್ಡಿ. ಕುಣಿಕೆಗಳೆಲ್ಲ ಎಡಕ್ಕೆ.

ಮಧುಶ್ರೀ ಅವಳೆದುರು ಹೋಗಿ ಕುಕ್ಕುರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು. ಬಚ್ಚಿಡುವವರು ಗಂಟು ಬಿಗಿದು ಬಿಸಾಕುತ್ತಾರೆ. ಎಳೆದರೆ ಬಿಚ್ಚುವ ಹಾಗೆ ಕಟ್ಟಿ, ಬೋಲ್ಟುಗಳನ್ನೂ ಜೋಪಾನವಾಗಿ ಇಟ್ಟವರು ಮತ್ತೆ ಬಿಚ್ಚಬೇಕೆಂದೇ ಕಟ್ಟಿದವರಲ್ಲವೇ?

"ಶನ್ವಾರ ಸಂಜೆ ಮತ್ತೆ ಆಕ್ಬೇಕು ಅಂತಿದ್ದೆ ಕಣವ್ವ," ಎಂದಳು ಅವಳು. "ಅಷ್ಟ್ರಲ್ಲಿ ನೀವು ತಗಂಡೋಗ್ಬುಟ್ರಿ."

ಹೆಸರು ಚಿಕ್ಕಮಾದಮ್ಮ. ಸಮಯ 8.10. ತೀರಿಕೊಂಡ ಗಂಡ ಲಾರಿ ಮೆಕ್ಯಾನಿಕ್. ಸ್ಪ್ಯಾನರ್ ಅವನದು. ಮಗಳು ಸೌಂದರ್ಯ ಮೈಸೂರಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಶುಕ್ರವಾರ ಕೆ.ಆರ್. ನಗರದಿಂದ ಅವಳನ್ನು ನೋಡಲು ಬಂದಿದ್ದರು. ಶ್ರೀನಿಧಿ ಲೇಔಟಿನ ಹಿಂದಿನ ಸಾಲಿನಲ್ಲಿ ನಮ್ಮ ಮನೆ ಎಂದು ಹುಡುಗಿ ಹೇಳಿಕೊಂಡಿದ್ದಳು.

"ಮಗಳು ಹೇಳಿದಳಾ, ಬೋರ್ಡ್ ತೆಗಿ ಅಂತ?"

"ಇಲ್ಲ ಕಣವ್ವ, ಅವ್ಳಿಗೆ ಗೊತ್ತೇ ಇಲ್ಲ. ದಿನಾ ಬಸ್ಸಿಳಿದು ಆ ಬೋರ್ಡ್ ತಾವ ಬತ್ತಿದ್ದಂಗೆ ತಲೆ ತಗ್ಗಿಸ್ಕಂಡು ಬತ್ತಿದ್ಲು. ನಾನು ನಲ್ಲಿ ತಾವ ನಿಂತ್ಕಂಡು ನೋಡ್ತಿದ್ದೆ." ಅವಳು ಎಡಗೈಯ ಕಪ್ಪನ್ನು ಸೀರೆಗೆ ಒರೆಸಿಕೊಂಡಳು. ಅದು ಹೋಗಲಿಲ್ಲ. "ಆ ಬೋರ್ಡಿನ ಅರ್ಜಿಗೆ ಎಬ್ಬೆಟ್ಟು ಒತ್ತಿದೋರಲ್ಲಿ ನಾನೇ ಮೊದ್ಲು. ಒಂದ್ ದಿನ ಇಲ್ದಿದ್ರೆ ಏನಾಯ್ತದೆ ಅಂದ್ಕಂಡೆ."

"ನಿಂಗ ಒಳಗವನೆ. ಗೊತ್ತಾ?"

ಗೊತ್ತಿರಲಿಲ್ಲ. ಚಿಕ್ಕಮಾದಮ್ಮ ಎದ್ದು ನಿಂತಳು. ಕಡ್ಡಿ ಉರುಳಿತು. "ನಡೀರವ್ವ, ಬೇಗ ನಡೀರಿ."

ಜೀಪು ಹೊರಟಿತು. ಹುಣಸೂರು ಹತ್ತಿರ ಬಂದಾಗ ಜವರಯ್ಯ ರಸ್ತೆಯನ್ನೇ ನೋಡುತ್ತ ಹೇಳಿದ, "ನಮ್ಮವ್ವನೂ ಸೊಪ್ಪು ಕಟ್ತಿದ್ಲು ಮೇಡಂ. ನಾನೇ ಕಲೀನಿಲ್ಲ."

9.20ಕ್ಕೆ ಮಧುಶ್ರೀ ಗುರುಮಲ್ಲಪ್ಪನವರಿಗೆ ಎಲ್ಲವನ್ನೂ ಹೇಳಿದಳು. ಕಟ್ಟಿನ ಗುರುತು ನಿನಗೆ ಯಾವಾಗ ಸಿಕ್ಕಿತು ಎಂದು ಅವರು ಕೇಳಿದರು. ನಿನ್ನೆ ಕಾಲುವೆಯಲ್ಲೇ ಎಂದಳು. ಅವರು ಏನೂ ಬೈಯಲಿಲ್ಲ. ಹಾಡಿಯವರ ಕಟ್ಟು ಎಂದಿದ್ದ ತಮ್ಮ ಮಾತನ್ನೂ ಎತ್ತಲಿಲ್ಲ. ಕನ್ನಡಕ ತೆಗೆದು ಒರೆಸಿ, ನಿಂಗನನ್ನು ಬಿಡಿ ಎಂದರು.

ನಿಂಗನ ಬಿಡುಗಡೆಗೆ ಕಾಗದ ಸಿದ್ಧವಾಗುತ್ತಿದ್ದಾಗ ಮಧುಶ್ರೀ ಅವನನ್ನು ಕೇಳಿದಳು. "ನೀನು ನೋಡಿದ್ದೆ, ಅಲ್ವಾ?"

"ಊಂ."

"ಯಾಕೆ ಹೇಳಲಿಲ್ಲ?"

"ಆ ಅವ್ವ ದಿನಾ ಬೆಳಗ್ಗೆ ಟೀ ಕೊಡ್ತದೆ. ಬೇರೇರೆಲ್ಲ ವಾಚ್‌ಮನ್ ಅಂತಾರೆ. ಅದು ನಿಂಗ ಅಂತದೆ."

ಕದ್ದವನು ನಿಂಗನಲ್ಲವೆಂದು ಅವನಿಗೂ ಗೊತ್ತಿತ್ತು, ಮಧುಶ್ರೀಗೂ ಗೊತ್ತಿತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಯಾರಿಗಾಗಿ ಎಂದು ಯೋಚಿಸಿದಾಗ ಮಧುಶ್ರೀಗೆ ಅವನ ಮುಖ ನೋಡಲಾಗಲಿಲ್ಲ. ತಪ್ಪಾಯಿತು ಎಂದಳು. ಕೆಂಚಿ ತಣ್ಣಗಾದ ಮುದ್ದೆಯ ಗಂಟನ್ನು ಎತ್ತಿಕೊಂಡಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಚಿಕ್ಕಮಾದಮ್ಮನ ದಸ್ತಗಿರಿ 10.30ಕ್ಕೆ. ಠಾಣಾ ಜಾಮೀನಿಗೆ ಮಗಳು ಬಂದಳು. ತಿರುವಿನಲ್ಲಿ ಮುಖ ತಿರುಗಿಸಿದ್ದ ಅದೇ ಹುಡುಗಿ. ಮುಚ್ಚಳಿಕೆಯಲ್ಲಿ ಹೆಸರು ಬರೆದಳು. ಆರೋಪಿಗೆ ಸಂಬಂಧ ಎಂಬಲ್ಲಿ ಮಗಳು ಎಂದು ಬರೆದಳು. ವಿಳಾಸದ ಕಲಮಿಗೆ ಬಂದಾಗ ಪೆನ್ನು ನಿಂತಿತು. ಬೆಂಚಿನ ಮೇಲೆ ಕೂತಿದ್ದ ತಾಯಿ ತಲೆ ತಗ್ಗಿಸಿದಳು. ಮಧುಶ್ರೀ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಪೆನ್ನು ಕಾಗದಕ್ಕೆ ತಾಗಿದ ಸದ್ದು ಕೇಳಿತು. ತಂಬಾಕು ಕೂಲಿಕಾರ್ಮಿಕರ ಕಾಲೋನಿ. ಅಕ್ಷರಗಳು ಸಣ್ಣವಿದ್ದವು.

ಸಂಜೆ ಕೇಸ್ ಡೈರಿಯಲ್ಲಿ ಮಧುಶ್ರೀ ಹೀಗೆ ಬರೆದಳು: 'ಆರೋಪಿಗೆ ಲಾಭದ ಉದ್ದೇಶವಿರಲಿಲ್ಲ. ಮಗಳು ಒಂದು ದಿನವಾದರೂ ತಲೆಯೆತ್ತಿ ನಡೆಯಲಿ ಎಂಬ ಆಸೆಯಿಂದ ಕೃತ್ಯವೆಸಗಿರುತ್ತಾಳೆ. ತನಿಖಾಧಿಕಾರಿಯು ಬಾಲ್ಯದಲ್ಲಿ ತಾಯಿಯೊಂದಿಗೆ ಸೊಪ್ಪು ಕಟ್ಟುವ ಕೂಲಿ ಮಾಡಿದ್ದರಿಂದ ಸದರಿ ಕಟ್ಟನ್ನು ದಿನಾಂಕ 23ರಂದೇ ಗುರುತಿಸಿದ್ದು, 24ರಂದು ತಿಳಿಸಿರುತ್ತಾರೆ.'

ಆಮೇಲೆ ಸಂದರ್ಶಕರ ರಿಜಿಸ್ಟರ್ ತರಿಸಿ ಆಗಸ್ಟಿನ ಪುಟ ತೆರೆದಳು. ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು. 'ಅರ್ಜಿ' ಎಂಬುದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ 'ಮಗಳನ್ನು ನೋಡಲು' ಎಂದು ಬರೆದಳು. ತಿದ್ದುಪಡಿ ಮಾಡಿದವರು ಸಹಿಯ ಕೆಳಗೆ ಅಂದಿನ ದಿನಾಂಕ ಹಾಕಬೇಕೆಂಬುದು ನಿಯಮ. ಹಾಕಿದಳು. ಅಮ್ಮ ಬಂದ ದಿನಕ್ಕೂ ಅದಕ್ಕೂ ನಡುವೆ ಮೂರು ತಿಂಗಳು ಹನ್ನೆರಡು ದಿನ. ಆ ಪುಟ ತೆರೆದವರು ಯಾರು ಬೇಕಾದರೂ ಎಣಿಸಿಕೊಳ್ಳಬಹುದಿತ್ತು.