ಒಂಬತ್ತು ಉಯ್ಯಾಲೆಗಳ ತೋಪು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ನೀಲಾವತಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ರಾಜನಿರಲಿಲ್ಲ. ಕಡೆಯ ರಾಜ ಮಕ್ಕಳಿಲ್ಲದೆ ಕಣ್ಣು ಮುಚ್ಚುವ ಮುಂಚೆ ಪ್ರಜೆಗಳನ್ನು ಕರೆದು, “ಒಬ್ಬನ ಮಾತು ನಡೆದದ್ದು ಸಾಕು. ಒಂಬತ್ತು ನಾಡುಗಳಿಂದ ಒಂಬತ್ತು ಜನರನ್ನು ನೀವೇ ಆರಿಸಿ ಕಳಿಸಿ. ಅವರು ಕೂಡಿ ಕೂತು ರಾಜ್ಯ ನಡೆಸಲಿ” ಎಂದಿದ್ದ.

ಅರಮನೆಯ ಅಂಗಳದಲ್ಲಿ ಒಂದು ಕೊಳವಿತ್ತು. ಎಂಥ ಮಾಟವನ್ನಾದರೂ ತೊಳೆಯುವ ಗುಣ ಅದರ ನೀರಿಗಿತ್ತು. ಕೊಳದ ಮೇಲೊಂದು ಕಂಚಿನ ಮುಚ್ಚಳ. ಅದಕ್ಕೆ ಬೀಗವಿಲ್ಲ, ಕೀಲಿಯಿಲ್ಲ. ಒಂಬತ್ತು ಸಭಾಸದರು ಸಭೆಯಲ್ಲಿ ಕೂತು ಒಬ್ಬರಾದ ಮೇಲೊಬ್ಬರು ‘ಆಗಲಿ’ ಎಂದರೆ ಅದು ತಾನಾಗಿ ತೆರೆಯುತ್ತಿತ್ತು. ಎಂಟು ಜನ ಹೇಳಿದರೆ ಅಲುಗುತ್ತಲೂ ಇರಲಿಲ್ಲ.

ಆ ರಾಜ್ಯದ ದಕ್ಷಿಣದ ಅಂಚಿನಲ್ಲಿ ನಾರೂರು ಎಂಬ ಹಳ್ಳಿ. ನಲವತ್ತು ಮನೆ. ಎಲ್ಲರೂ ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವವರು. ಅಲ್ಲಿ ಬೊಮ್ಮಯ್ಯ ಎಂಬುವನಿದ್ದ. ಅವನಿಗೆ ಸುಗ್ಗಲೆ ಎಂಬ ಒಬ್ಬಳೇ ಮಗಳು. ತಾಯಿಯಿಲ್ಲದ ಹುಡುಗಿ. ನಡೆಯಲು ಕಲಿಯುವ ಮುಂಚೆಯೇ ಹುರಿ ಹಾಕಲು ಕಲಿತವಳು ಎಂದು ಊರವರು ನಗುತ್ತಿದ್ದರು.

ಒಂದು ದಿನ ಸುಗ್ಗಲೆ ಹಗ್ಗ ಮಾರಲು ಸಂತೆಗೆ ಹೋಗಿದ್ದಳು. ಮರಳಿ ಬಂದಾಗ ಊರಿನಲ್ಲಿ ಯಾರೂ ಓಡಾಡುತ್ತಿರಲಿಲ್ಲ. ನೀರಿಗೆ ಹೊರಟ ಹೆಂಗಸರು ಕೊಡ ಹೊತ್ತು ದಾರಿಯಲ್ಲೇ ನಿಂತಿದ್ದರು. ಆಡುವ ಮಕ್ಕಳು ಬಯಲಲ್ಲೇ ನಿಂತಿದ್ದರು. ಬೊಮ್ಮಯ್ಯ ಅಂಗಳದಲ್ಲಿ ಅರ್ಧ ಹೊಸೆದ ಹಗ್ಗ ಹಿಡಿದು ನಿಂತಿದ್ದ.

“ಅಪ್ಪಾ, ಏನಾಯಿತು?”

“ಕಾಲು ಏಳುತ್ತಿಲ್ಲ ಮಗಳೇ. ನೋಡು.”

ಸುಗ್ಗಲೆ ಬಗ್ಗಿ ಮುಟ್ಟಿದಳು. ಅಪ್ಪನ ಪಾದದ ಬೆರಳುಗಳು ತಣ್ಣಗಿದ್ದವು. ಕಲ್ಲಾಗಿದ್ದವು.

“ಪಡುವಲಿಂದ ಕರಿಗಾಳಿ ಬೀಸಿತು” ಎಂದ ಬೊಮ್ಮಯ್ಯ. “ಗಾಳಿಯ ಬೆನ್ನೇರಿ ಮಾಯಾವಿ ಕಾಳಜಂಘ ಬಂದ. ನೆಲ ಮುಟ್ಟುವಷ್ಟು ಉದ್ದದ ಜಡೆ ಅವನಿಗೆ. ‘ದಿನದಿನಕ್ಕೂ ಇಷ್ಟಿಷ್ಟೇ ಕಲ್ಲಾಗುತ್ತೀರಿ. ಎಂಬತ್ತನೆಯ ದಿನಕ್ಕೆ ನೆತ್ತಿ ಮುಚ್ಚುತ್ತದೆ. ಆಗ ಹೊತ್ತೊಯ್ದು ಕೋಟೆ ಕಟ್ಟುತ್ತೇನೆ. ಮನುಷ್ಯರ ಕಲ್ಲಿನಿಂದ ಕಟ್ಟಿದ ಕೋಟೆಯನ್ನು ಯಾರೂ ಕೆಡವಲಾರರು’ ಎಂದು ನಕ್ಕು ಹೋದ. ಮಗಳೇ, ನಿಲ್ಲಬೇಡ. ಸಭೆಗೆ ಹೋಗು. ಕೊಳದ ನೀರು ಒಂದು ಕೊಡ ತಾ. ಒಂದು ಕೊಡ ಸಾಕು.”

ಪಕ್ಕದೂರಿನವರನ್ನು ಕಾಲು ಹಿಡಿದು ಕೇಳಿಕೊಂಡಳು ಸುಗ್ಗಲೆ. ಅವರು ದಿನವೂ ಬಂದು ನಿಂತವರಿಗೆಲ್ಲ ಗಂಜಿ ಕುಡಿಸಲು ಒಪ್ಪಿದರು. ಅವಳು ಎರಡು ದಿನ ನಡೆದು ರಾಜಧಾನಿ ಸೇರಿದಳು.

ಸಭೆಯ ಬಾಗಿಲು ಮುಚ್ಚಿತ್ತು. ಬಾಗಿಲ ಮುಂದೆ ಇನ್ನೂರು ಜನ ಕೂತಿದ್ದರು. ಸೇತುವೆ ಮುರಿದ ಊರಿನವರು, ಗಡಿಕಲ್ಲಿನ ಜಗಳದವರು, ಬಾವಿ ಬೇಕೆಂದು ಬಂದವರು. ಬಾಗಿಲು ಕಾಯುವ ಮುದ್ದಯ್ಯ ಎಂಬ ಮುದುಕ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. “ಸಭೆಗೆ ವಿರಾಮ. ಮಾವಿನ ಹಣ್ಣಿನ ಕಾಲವಲ್ಲವೇ? ಐದು ದಿನ ಬಿಟ್ಟು ಬನ್ನಿ.”

“ಹೋದ ತಿಂಗಳು ಹಲಸಿನ ಹಣ್ಣಿನ ಕಾಲ ಅಂದಿರಿ!” ಎಂದು ಒಬ್ಬ ಕುಂಬಾರ ಕೂಗಿದ. “ನಾವು ಆರಿಸಿ ಕಳಿಸಿದ್ದು ಕೂರಲಿಕ್ಕೋ, ಏಳಲಿಕ್ಕೋ?”

ಐದು ದಿನ ಎಂದವರು ಹದಿನೈದು ದಿನಕ್ಕೆ ಬಂದರು. ಸುಗ್ಗಲೆ ಒಳಗೆ ಹೋಗಿ ಕೈಮುಗಿದು, “ಸ್ವಾಮಿ, ನಮ್ಮ ನಾರೂರು...” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಧ್ಯಕ್ಷ ವಾಮರಸ ಎದ್ದ. “ಪ್ರಯಾಣದಿಂದ ದಣಿದಿದ್ದೇವೆ ತಾಯಿ. ಏಳು ದಿನ ವಿರಾಮ.” ಏಳು ದಿನ ಎಂದವರು ಇಪ್ಪತ್ತು ದಿನಕ್ಕೆ ಬಂದರು. ಅಷ್ಟರಲ್ಲಿ ಬೊಮ್ಮಯ್ಯನ ಮೊಣಕಾಲು ಕಲ್ಲಾಗಿತ್ತು.

ಮೂರನೆಯ ಸಲ ಸುಗ್ಗಲೆ ಬಾಗಿಲು ತೆರೆದದ್ದೇ ನುಗ್ಗಿ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಮೊದಲ ಸಭಾಸದ “ಆಗಲಿ” ಎಂದ. ಎರಡನೆಯವನು “ಆಗಲಿ” ಎಂದ. ಸುಗ್ಗಲೆ ಎದೆ ಹಿಡಿದುಕೊಂಡು ಎಣಿಸಿದಳು. ಎಂಟು ಜನ “ಆಗಲಿ” ಎಂದರು. ಒಂಬತ್ತನೆಯ ಪೀಠ ಖಾಲಿ! ಆ ಸಭಾಸದ ಬಿಸಿಲು ಏರುವ ಮುಂಚೆಯೇ ವಿಶ್ರಾಂತಿಗೆ ಹೊರಟುಹೋಗಿದ್ದ.

“ಅಯ್ಯೋ ಪಾಪ” ಎಂದ ವಾಮರಸ. “ಹಾಗಾದರೆ ನಾವೂ ಹೊರಡೋಣ. ಎಲ್ಲರೂ ಕೂಡಿದಾಗ ನೋಡೋಣ. ಒಂಬತ್ತು ದಿನ ವಿರಾಮ.”

ಒಂಬತ್ತು ದಿನ ಕಳೆಯಿತು. ಹದಿನೆಂಟು ಕಳೆಯಿತು. ಇಪ್ಪತ್ತೇಳು ಕಳೆಯಿತು. ಯಾರೂ ಬರಲಿಲ್ಲ. ಅಂದಿಗೆ ಅರವತ್ತೈದನೆಯ ದಿನ. ಸುಗ್ಗಲೆ ಮುದ್ದಯ್ಯನ ಮುಂದೆ ನಿಂತು ಅಳಲಿಲ್ಲ, ಬೈಯಲಿಲ್ಲ. “ಅಜ್ಜಾ, ಅವರು ಹೋಗುವುದೆಲ್ಲಿಗೆ?” ಎಂದು ಕೇಳಿದಳು.

ಮುದ್ದಯ್ಯ ಅತ್ತಿತ್ತ ನೋಡಿದ. “ಮೂಡಣ ದಿಕ್ಕಿಗೆ ಏಳು ದಿನದ ದಾರಿ. ಅಲ್ಲೊಂದು ತಂಪಿನ ತೋಪಿದೆಯಂತೆ. ಇವರು ಹೋಗುವುದು ಮೋಡದ ಪಲ್ಲಕ್ಕಿಯಲ್ಲಿ, ಚಿಟಿಕೆ ಹೊಡೆಯುವಷ್ಟರಲ್ಲಿ. ಅದನ್ನು ಕಳಿಸುವವನು ಯಾರೋ ದೊಡ್ಡ ಜಡೆಯವನು. ಮರಳಿ ಬಂದಾಗಲೆಲ್ಲ ‘ಒಂದು ಗಳಿಗೆ ಕೂತು ಬಂದೆವು’ ಅನ್ನುತ್ತಾರೆ. ದಿನ ಕಳೆದದ್ದೇ ಅವರಿಗೆ ಗೊತ್ತಿರುವುದಿಲ್ಲ. ಮುಂಚೆಯೇ ಹೇಳಬೇಕಿತ್ತು ಕಣವ್ವ. ಹೆದರಿದೆ.”

ಜಡೆ ಎಂದದ್ದೇ ಸುಗ್ಗಲೆಗೆ ಎಲ್ಲ ತಿಳಿಯಿತು. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಮೂಡಣ ದಿಕ್ಕಿಗೆ ಹೊರಟಳು.

ಮೊದಲು ಸಿಕ್ಕಿದ್ದು ನುಂಗುವ ಮರಳು. ಕಣ್ಣು ಹರಿಯುವಷ್ಟು ದೂರ ಬಿಳಿ ಮರಳು. ನಡೆಯುವವರನ್ನು ಅದು ಏನೂ ಮಾಡುತ್ತಿರಲಿಲ್ಲ. ನಿಂತವರನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಸುಗ್ಗಲೆ ಬೆಳಗಿನಿಂದ ಸಂಜೆಯವರೆಗೆ ನಡೆದಳು. ನೀರು ಕುಡಿದದ್ದೂ ನಡೆಯುತ್ತಲೇ, ರೊಟ್ಟಿ ತಿಂದದ್ದೂ ನಡೆಯುತ್ತಲೇ. ನಡುವೆ ಒಮ್ಮೆ ಚಪ್ಪಲಿಯ ಬಾರು ಕಿತ್ತಿತು. ಬಗ್ಗಿದಳು. ಅಷ್ಟಕ್ಕೇ ಮರಳು ಮೊಣಕಾಲಿಗೆ ಬಂತು. ಕಾಲು ಕಿತ್ತುಕೊಂಡು, ಚಪ್ಪಲಿ ಅಲ್ಲೇ ಬಿಟ್ಟು, ಸುಡುವ ಮರಳಿನಲ್ಲಿ ಬರಿಗಾಲಲ್ಲಿ ನಡೆದು ದಾಟಿದಳು.

ಎರಡನೆಯದು ಕಣಿವೆ. ಕಣಿವೆಯ ಬಾಯಿಗೆ ಅಡ್ಡಲಾಗಿ ಹುಲಿಮೊಗದ ಆನೆಯೊಂದು ನಿಂತಿತ್ತು. ಅದರ ಕೊರಳಲ್ಲಿ ಕರಿ ಸರಪಳಿ.

“ಮುಂದೆ ಬಂದರೆ ತಿನ್ನುತ್ತೇನೆ” ಎಂದಿತು ಅದು.

“ಹಸಿವೆಯಾಗಿದೆಯೇ?”

“ಹಸಿವೆಯಲ್ಲ, ಅಪ್ಪಣೆ. ನನ್ನ ಕಾಡನ್ನು ಕಾಳಜಂಘ ಕಿತ್ತುಕೊಂಡ. ಮೂರು ವರ್ಷದ ಹಿಂದೆ ನಿಮ್ಮ ಸಭೆಗೆ ಹೋಗಿ ನ್ಯಾಯ ಕೇಳಿದೆ. ವಿರಾಮದ ನಂತರ ನೋಡುತ್ತೇವೆ ಅಂದರು. ಕಾದೆ, ಕಾದೆ. ಕಡೆಗೆ ಕಾಳಜಂಘನೇ ಬಂದು, ಬಾಗಿಲು ಕಾದರೆ ಕಾಡು ಕೊಡುತ್ತೇನೆ ಅಂದ. ಬೇರೆ ದಾರಿ ಏನಿತ್ತು?”

“ನಿನ್ನ ಮಾತನ್ನೂ ನನ್ನ ಮಾತಿನ ಜೊತೆಗೇ ಸಭೆಗೆ ಹೇಳುತ್ತೇನೆ.”

“ಎಲ್ಲರೂ ಹಾಗೇ ಹೇಳುತ್ತಾರೆ.”

“ನಾನು ಸಭೆಯವಳಲ್ಲ ಕಣೋ” ಎಂದಳು ಸುಗ್ಗಲೆ. “ನಿನ್ನ ಹಾಗೆ ನಾನೂ ಬಾಗಿಲಲ್ಲಿ ನಿಂತವಳೇ.”

ಆನೆ ಅವಳ ಬೊಬ್ಬೆಯೆದ್ದ ಪಾದಗಳನ್ನು ನೋಡಿತು. ಆಮೇಲೆ ಸರಪಳಿ ಎಳೆದುಕೊಂಡು ಪಕ್ಕಕ್ಕೆ ಸರಿಯಿತು.

ಮೂರನೆಯದು ತೋಪು. ಅಲ್ಲಿ ಬಿಸಿಲಿರಲಿಲ್ಲ, ಸೊಳ್ಳೆಯಿರಲಿಲ್ಲ. ಮಲ್ಲಿಗೆಯ ಗಾಳಿ ಬೀಸುತ್ತಿತ್ತು. ಒಂದು ದೊಡ್ಡ ಆಲದ ಮರಕ್ಕೆ ಒಂಬತ್ತು ಉಯ್ಯಾಲೆ. ಒಂದೊಂದರಲ್ಲಿ ಒಬ್ಬೊಬ್ಬ ಸಭಾಸದ ಅರ್ಧ ಕಣ್ಣು ಮುಚ್ಚಿ ತೂಗುತ್ತಿದ್ದ. ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಹತ್ತನೆಯ ಉಯ್ಯಾಲೆಯೊಂದು ಖಾಲಿಯಿತ್ತು. ಅದರ ಪಕ್ಕ ಕಾಳಜಂಘ ನಿಂತಿದ್ದ. ಅವನ ಜಡೆ ಮರದ ಕೊಂಬೆಗೆ ಸುತ್ತಿಕೊಂಡು, ಕವಲೊಡೆದು, ಉಯ್ಯಾಲೆಗಳ ಹಗ್ಗವಾಗಿತ್ತು.

“ಬಾ ತಾಯಿ” ಎಂದ ಅವನು, ತುಂಬ ಮೆದುವಾಗಿ. “ಎಷ್ಟು ದಣಿದಿದ್ದೀಯೆ! ಒಂದು ಗಳಿಗೆ ಕೂರು. ಆಮೇಲೆ ಮಾತಾಡೋಣ.”

ಸುಗ್ಗಲೆಗೆ ಕಣ್ಣು ಎಳೆದವು. ಏಳು ದಿನ ನಡೆದ ಕಾಲು ತಾವಾಗಿ ಮಡಚಿದವು. ಉಯ್ಯಾಲೆಯ ಹಲಗೆ ಅವಳ ಹಿಂದೆ ಬಂದು ಮೆಲ್ಲಗೆ ತಾಗಿತು. ಆಗ ಅವಳಿಗೆ ಅಪ್ಪನ ನೆನಪಾಯಿತು. ಅಪ್ಪ ಎಪ್ಪತ್ತೆರಡು ದಿನದಿಂದ ನಿಂತೇ ಇದ್ದಾನೆ.

ಅವಳು ನೆಟ್ಟಗೆ ನಿಂತಳು. “ನಾನು ಕೂರುವುದಿಲ್ಲ” ಎಂದಳು.

ಕಾಳಜಂಘನ ಮುಖ ಕಪ್ಪಿಟ್ಟಿತು. ಆ ತೋಪಿನಲ್ಲಿ ಕೂತವರ ಮೇಲೆ ಮಾತ್ರ ಅವನ ಕೈ ನಡೆಯುತ್ತಿತ್ತು. ನಿಂತವರನ್ನು ಮುಟ್ಟಲು ಅವನಿಂದ ಆಗುತ್ತಿರಲಿಲ್ಲ.

ಸುಗ್ಗಲೆ ಕುಡುಗೋಲಿನಿಂದ ಮೊದಲ ಹಗ್ಗ ಕಡಿದಳು. ಕಡಿದದ್ದು ಕೂಡಿಕೊಂಡಿತು. ಮತ್ತೆ ಕಡಿದಳು. ಮತ್ತೆ ಕೂಡಿಕೊಂಡಿತು. ಕಾಳಜಂಘ ಗಹಗಹಿಸಿ ನಕ್ಕ. ಸುಗ್ಗಲೆ ಕುಡುಗೋಲು ಬಿಸಾಕಿ, ಹಗ್ಗವನ್ನು ಬೆರಳಿನಲ್ಲಿ ಹಿಡಿದು ನೋಡಿದಳು. ಮೂರು ಎಳೆಯ ಹುರಿ, ಎಡಕ್ಕೆ ಹೊಸೆದದ್ದು. ಹೊಸೆದದ್ದನ್ನು ಬಿಚ್ಚುವುದು ಹೇಗೆಂದು ನಾರೂರಿನ ಮಗುವಿಗೂ ಗೊತ್ತು. ಅವಳು ಬಲಕ್ಕೆ ತಿರುಗಿಸಿದಳು. ಹುರಿ ಸಡಿಲವಾಯಿತು. ಎಳೆ ಬೇರೆಯಾಯಿತು. ಉಯ್ಯಾಲೆ ಕಳಚಿತು. ಮೊದಲ ಸಭಾಸದ ದೊಪ್ಪೆಂದು ಬಿದ್ದು, “ಈಗ ತಾನೇ ಬಂದೆನಲ್ಲ!” ಎಂದ.

ಕಾಳಜಂಘ ಬೇಡಿದ, ಬೆದರಿಸಿದ. ಅವಳು ಕಿವಿಗೊಡಲಿಲ್ಲ. ಬೆರಳು ಕಿತ್ತು ರಕ್ತ ಬಂದರೂ ಒಂದಾದ ಮೇಲೊಂದು ಹುರಿ ಬಿಚ್ಚಿದಳು. ಕಡೆಯ ಉಯ್ಯಾಲೆ ವಾಮರಸನದು. “ಇನ್ನೊಂದೇ ಒಂದು ಸಲ ತೂಗಿಬಿಡು ಮಗಳೇ” ಎಂದು ಅವನು ಹೇಳುತ್ತಿರುವಾಗಲೇ ನೆಲಕ್ಕೆ ಬಿದ್ದ.

ಒಂಬತ್ತನೆಯ ಹಗ್ಗ ಬಿಚ್ಚಿದ ಕೂಡಲೇ ಕಾಳಜಂಘನ ಜಡೆಯೆಲ್ಲ ಬೂದಿಯಾಗಿ ಉದುರಿತು. ಮಲ್ಲಿಗೆಯ ವಾಸನೆ ಹೋಯಿತು. ಬೋಳುತಲೆಯ ಬಡಕಲು ಮುದುಕನೊಬ್ಬ ನೆಲದಲ್ಲಿ ಕುಕ್ಕರಿಸಿದ್ದ. “ನನ್ನ ಕಸುವು ಹೋಯಿತು, ನಿಜ” ಎಂದು ಅವನು ಕೆಮ್ಮಿದ. “ಆದರೆ ಬೀಸಿದ ಗಾಳಿ ನಿಲ್ಲುವುದಿಲ್ಲ. ಇಲ್ಲಿ ನಿನಗೆ ಅರ್ಧ ಹಗಲಾದದ್ದು, ಹೊರಗೆ ಐದು ದಿನ.”

ಸುಗ್ಗಲೆ ಬೆರಳು ಮಡಚಿ ಎಣಿಸಿದಳು. ಎಪ್ಪತ್ತೇಳು ದಿನ! ಅವಳು ಸಭಾಸದರತ್ತ ತಿರುಗಿ ನಡೆದದ್ದೆಲ್ಲ ಹೇಳಿದಳು.

“ಮಾಯೆಯಮ್ಮಾ, ಎಲ್ಲ ಮಾಯೆ” ಎಂದ ವಾಮರಸ. “ನಮ್ಮದೇನೂ ತಪ್ಪಿಲ್ಲ.”

“ಮೊದಲ ಸಲ ಪಲ್ಲಕ್ಕಿ ಬಂದಾಗ ನಿಮ್ಮನ್ನು ಯಾರೂ ಎತ್ತಿ ಕೂರಿಸಲಿಲ್ಲ ಸ್ವಾಮಿ. ನೀವೇ ಹತ್ತಿದಿರಿ.”

ವಾಮರಸ ತಲೆ ತಗ್ಗಿಸಿದ. ಮೆಲ್ಲಗೆ, “ಹೌದು” ಎಂದ. “ದಾರಿ ತೋರಿಸು ತಾಯಿ.”

ತೋಪಿನ ಹೊರಗೆ ಹುಲಿಮೊಗದ ಆನೆ ಕಾದಿತ್ತು. ಅದರ ಸರಪಳಿಯೂ ಬೂದಿಯಾಗಿತ್ತು. “ಹತ್ತಿ” ಎಂದಿತು. ಒಂಬತ್ತು ಸಭಾಸದರು ನಡುಗುತ್ತ ಅದರ ಬೆನ್ನೇರಿದರು. ಸುಗ್ಗಲೆ ಕುತ್ತಿಗೆಯ ಮೇಲೆ ಕೂತಳು. ಆನೆ ಓಡಿತು. ಕಣಿವೆ ದಾಟಿತು. ನುಂಗುವ ಮರಳನ್ನು ಏಳು ನೆಗೆತಕ್ಕೆ ದಾಟಿತು. ಹಳ್ಳವೊಂದರ ಬಳಿ ಒಬ್ಬ ಸಭಾಸದ, “ಇಲ್ಲಿ ನೆರಳಿದೆ, ಸ್ವಲ್ಪ...” ಎಂದ. ಆನೆ ಓಡುತ್ತಲೇ ತಲೆ ತಿರುಗಿಸಿ ಹಲ್ಲು ತೋರಿಸಿತು. ಆಮೇಲೆ ಯಾರೂ ನೆರಳಿನ ಮಾತೆತ್ತಲಿಲ್ಲ.

ಎಪ್ಪತ್ತೆಂಟನೆಯ ದಿನ ಮಧ್ಯಾಹ್ನಕ್ಕೆ ಅವರು ರಾಜಧಾನಿ ಸೇರಿದರು. ಮುದ್ದಯ್ಯ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ಹಾರುಹೊಡೆದ. ಹೊರಗಿದ್ದ ಜನರೆಲ್ಲ ಒಳಗೆ ಬಂದರು. ಯಾರೂ ತಡೆಯಲಿಲ್ಲ. ಒಂಬತ್ತು ಪೀಠಗಳೂ ತುಂಬಿದವು.

“ಆಗಲಿ.” “ಆಗಲಿ.” “ಆಗಲಿ.” ಎಂಟು ಸಲ ಆಯಿತು. ಒಂಬತ್ತನೆಯವನು ಹೋದ ಸಲ ಮೊದಲೇ ಹೊರಟುಹೋಗಿದ್ದ ಸಭಾಸದ. ಅವನು ನಾರೂರಿನ ನಾಡಿನಿಂದಲೇ ಆರಿಸಿ ಬಂದವನು. “ತಪ್ಪಾಯಿತು ತಾಯಿ” ಎಂದ. “ಆಗಲಿ.”

ಅಂಗಳದಲ್ಲಿ ಕಂಚಿನ ಮುಚ್ಚಳ ತೆರೆದ ಸದ್ದು ಊರಿಗೆಲ್ಲ ಕೇಳಿಸಿತು.

ಸುಗ್ಗಲೆ ಕೊಡ ತುಂಬಿಕೊಂಡಳು. ಆದರೂ ಬಾಗಿಲಲ್ಲಿ ತಿರುಗಿ ನಿಂತು, “ಈ ಆನೆಗೆ ಅದರ ಕಾಡು ಮರಳಿ ಸಿಗಬೇಕು ಸ್ವಾಮಿ. ಮೂರು ವರ್ಷದಿಂದ ಕಾದಿದೆ” ಎಂದಳು. ಒಂಬತ್ತು ಜನ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರುವಷ್ಟು ಅವಸರದಲ್ಲಿ “ಆಗಲಿ” ಎಂದರು. ಆನೆಯ ಹುಲಿಗಣ್ಣಿನಲ್ಲಿ ನೀರು ತುಂಬಿತು. ಅದು ಮಂಡಿಯೂರಿ ಅವಳನ್ನು ಹತ್ತಿಸಿಕೊಂಡಿತು.

ನಾರೂರಿನಲ್ಲಿ ಬೊಮ್ಮಯ್ಯನ ಗದ್ದದವರೆಗೆ ಕಲ್ಲಾಗಿತ್ತು. ತುಟಿಗಳು ಮಾತ್ರ ಅಲುಗುತ್ತಿದ್ದವು. ಮಕ್ಕಳು ಕುಳ್ಳಗಿದ್ದುದರಿಂದ ಅವರ ಕಣ್ಣಿನ ರೆಪ್ಪೆಯೂ ಗಟ್ಟಿಯಾಗಿತ್ತು. ಸುಗ್ಗಲೆ ಮೊದಲು ಮಕ್ಕಳ ತಲೆಗೆ ನೀರೆರೆದಳು. ಆಮೇಲೆ ಹೆಂಗಸರಿಗೆ, ಗಂಡಸರಿಗೆ. ಎಷ್ಟು ಎರೆದರೂ ಕೊಡ ಖಾಲಿಯಾಗಲಿಲ್ಲ. ಕಲ್ಲು ಕೆಸರಿನಂತೆ ಕರಗಿ ಕಾಲಿನಿಂದ ಇಳಿದುಹೋಯಿತು. ಮಕ್ಕಳು ಮೊದಲು ಅತ್ತರು, ಆಮೇಲೆ ಓಡಿದರು, ಓಡಿ ಓಡಿ ಬಿದ್ದರು, ಬಿದ್ದು ನಕ್ಕರು.

ಮರುವಾರದಿಂದ ಸಭೆ ದಿನವೂ ಕೂತಿತು. ಮುರಿದ ಸೇತುವೆ ಎದ್ದಿತು, ಬತ್ತಿದ ಊರಿಗೆ ಬಾವಿ ಬಂತು. ದಣಿದ ಸಭಾಸದರು ಮನೆಗೆ ಹೋಗಿ ಮಲಗಬಹುದು, ಆದರೆ ಬಾಗಿಲಲ್ಲಿ ನಿಂತವರ ಮಾತು ಮುಗಿದ ಮೇಲೆ ಎಂದು ಅವರೇ ಕಟ್ಟಳೆ ಮಾಡಿಕೊಂಡರು. ನೀಲಾವತಿಯ ಜನ ಉಂಡುಟ್ಟು, ನೆಮ್ಮದಿಯಿಂದ ಬಾಳಿದರು.

ಆದರೆ ಆ ದಿನ ನಾರೂರಿನಲ್ಲಿ ಯಾರೂ ಅಷ್ಟು ಮುಂದಿನದನ್ನು ಯೋಚಿಸಲಿಲ್ಲ. ಎಲ್ಲರ ಕಡೆಗೆ ಸುಗ್ಗಲೆ ಅಪ್ಪನ ನೆತ್ತಿಗೆ ನೀರೆರೆದಳು. ಗದ್ದ ಸಡಿಲವಾಯಿತು, ಎದೆ ಸಡಿಲವಾಯಿತು, ಮೊಣಕಾಲು ಮಡಚಿತು. ಬೊಮ್ಮಯ್ಯ ಅಂಗಳದ ಕೆಸರಿನಲ್ಲೇ ಕುಸಿದು ಕೂತ. ಕಾಲು ಚಾಚಿದ. ಮಗಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡ. ಎಷ್ಟೋ ಹೊತ್ತು ಅವನಿಗೆ ಬೇರೆ ಮಾತೇ ಬರಲಿಲ್ಲ.

“ಕೂತೆ ಮಗಳೇ” ಎನ್ನುತ್ತಿದ್ದ, ಅಳುತ್ತ, ನಗುತ್ತ. “ಅಬ್ಬಾ, ಕೂತೆ!”