ಬಂಪರಿಗೆ ಕಟ್ಟಿದ ಚಪ್ಪಲಿ

ಹರದನಹಳ್ಳಿ ರಸ್ತೆಯ ಪಕ್ಕದ ಚರಂಡಿಯಲ್ಲಿ ಮುದುಕಿಯ ಹೆಣ ಬಿದ್ದಿತ್ತು. ಅದರಿಂದ ಎರಡು ಮಾರು ಆಚೆ ಒಂದು ಕೆಂಪು ಚಪ್ಪಲಿ. ಅಂಗೈಯಷ್ಟು ಉದ್ದದ್ದು. ಮಗುವಿನದು.

ಅರಿಸಿನದ ಹೊಲಕ್ಕೆ ನೀರು ಕಟ್ಟಲು ಬಂದ ಆಳು ಫೋನ್ ಮಾಡಿದಾಗ ಮುದುಕಿಯ ವಿಷಯ ಮಾತ್ರ ಹೇಳಿದ್ದ. ಚಪ್ಪಲಿ ಕಂಡದ್ದು ಸಬ್ ಇನ್‌ಸ್ಪೆಕ್ಟರ್ ಶಶಿರೇಖಾಳಿಗೆ. ಕಂಡವಳು ನಿಂತುಬಿಟ್ಟಳು.

“ಶಂಕರ್, ಮಗು ಎಲ್ಲಿ?”

ಹೆಡ್ ಕಾನ್‌ಸ್ಟೇಬಲ್ ಶಂಕರ್ ಲಾಠಿಯಿಂದ ಅರಿಸಿನದ ಎಲೆ ಸರಿಸುತ್ತ ಹೊಲದೊಳಗೆ ನುಗ್ಗಿದ. ಇಬ್ಬರು ಹೋಂಗಾರ್ಡ್‌ಗಳು ಚರಂಡಿಗೆ ಇಳಿದರು. ಒಬ್ಬ ಓಡಿಹೋಗಿ ಬಾವಿಯೊಳಗೆ ಬಗ್ಗಿ ನೋಡಿದ. ಎಲೆ ಸರಿಯುವ ಸದ್ದು ಮಾತ್ರ.

ಮಗು ಸಿಗಲಿಲ್ಲ.

ಶಶಿರೇಖಾ ರಸ್ತೆ ನೋಡಿದಳು. ಹೆಡ್‌ಲೈಟಿನ ಗಾಜಿನ ಚೂರುಗಳು. ಹೆಣ ಬಿದ್ದದ್ದು ಚಾಮರಾಜನಗರದಿಂದ ಹರದನಹಳ್ಳಿಗೆ ಹೋಗುವವರ ಎಡಬದಿಗೆ. ಬ್ರೇಕಿನ ಗುರುತು ಆ ಪಕ್ಕದಲ್ಲಿ ಇರಲಿಲ್ಲ. ಎದುರು ಪಕ್ಕದಲ್ಲಿ, ನಗರದ ಕಡೆಗೆ ಹೋಗುವ ದಾರಿಯಲ್ಲಿ ಇತ್ತು. ಅದು ಅವಳಿಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಸತ್ತವಳ ಮಗಳು ಬಂದಳು. ಮಲ್ಲಾಜಮ್ಮ. ಕಪ್ಪು ಕನ್ನಡಕ ಹಾಕಿದ್ದಳು. ಹೆಣದ ಪಕ್ಕ ಕೂತು ತಾಯಿಯ ಸೆರಗನ್ನು ಸರಿಮಾಡಿದಳು. ಅಳಲಿಲ್ಲ.

“ಇವರ ಹೆಸರೇನಮ್ಮ?”

“ಪುಟ್ಟಮಾದಮ್ಮ.”

“ಜೊತೇಲಿ ಮಗು ಯಾವುದಾದ್ರೂ ಇತ್ತಾ?”

“ಯಾವ ಮಗ ಮೇಡಮ್ಮೋರೆ? ಒಬ್ಳೇ ಓಗಿದ್ದು ಅರದನಳ್ಳಿಗೆ. ತಂಗಿ ಮನೇಲಿ ಉಳ್ಕಂಡವ್ಳೆ ಅನ್ಕಂಡು ನಾನು ರಾತ್ರಿ ಉಂಡು ಮನಗ್ಬುಟ್ಟೆ.” ಅವಳು ತಡೆದು ಮತ್ತೆ ಅಂದಳು. “ಉಂಡು ಮನಗ್ಬುಟ್ನಲ್ಲ.”

“ಅವರ ಚಪ್ಪಲಿ ಕಾಣ್ತಿಲ್ಲ.”

“ಅವ್ವ ಚಪ್ಪಲಿ ಬುಟ್ಟಿದ್ಲು. ನನ್ ಕಣ್ಣಾಪರೇಷನ್ ಸರಿಯಾದ್ರೆ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ಬತ್ತೀನಿ ಅಂತ ಅರಕೆ ಕಟ್ಕಂಡಿದ್ಲು.”

ಶಶಿರೇಖಾ ಕೆಂಪು ಚಪ್ಪಲಿಯನ್ನು ತಿರುಗಿಸಿ ನೋಡಿದಳು. ಹಿಮ್ಮಡಿಯಲ್ಲಿ ತೂತು. ತೂತಿನಲ್ಲಿ ಕಪ್ಪು ವೈರಿನ ತುಂಡು. ಇದು ಕಾಲಿನಿಂದ ಜಾರಿದ್ದಲ್ಲ. ದೃಷ್ಟಿ ತಾಗದಿರಲೆಂದು ಗಾಡಿಯ ಮುಂದೆ ಕಟ್ಟುವ ಹಳೇ ಚಪ್ಪಲಿ.

ಮಗು ಇರಲಿಲ್ಲ. ಗಾಡಿ ಇತ್ತು.

*

ಗಾಡಿಯ ಯಜಮಾನ ಮಧ್ಯಾಹ್ನ ತಾನೇ ಠಾಣೆಗೆ ಬಂದ.

ಶಶಿರೇಖಾಳಿಗೆ ಅವನ ಗುರುತು ಸಿಕ್ಕಿತು. ಕಿರಣ್ ಕುಮಾರ್. ಗುಂಡ್ಲುಪೇಟೆಯವನು. ಪಿಕಪ್ಪಿನಲ್ಲಿ ತರಕಾರಿ ತುಂಬಿಕೊಂಡು ಬಂಡೀಪುರ ದಾಟಿ ಕೇರಳಕ್ಕೆ ಹೊಡೆಯುವವನು. ನಿನ್ನೆ ಸಂಜೆ ಚಾಮರಾಜನಗರದ ಹೊರಗೆ ಹರದನಹಳ್ಳಿ ರಸ್ತೆಯಲ್ಲಿ, ಕುಡಿದು ಓಡಿಸುವವರನ್ನು ಹಿಡಿಯಲು ನಿಂತಿದ್ದಾಗ ಅವನನ್ನು ಹಿಡಿದದ್ದು ಅವಳೇ. ಲೈಸೆನ್ಸ್ ಕಿತ್ತುಕೊಂಡು, ರಕ್ತಪರೀಕ್ಷೆಗೆ ಆಸ್ಪತ್ರೆಗೆ ಕರೆದೊಯ್ದು, ಕೋರ್ಟಿಗೆ ಬರಬೇಕೆಂದು ಬರೆಸಿಕೊಂಡು ಬಿಟ್ಟಿದ್ದಳು. ಪಿಕಪ್ಪನ್ನು ಜೊತೆಗಿದ್ದ ಅವನ ಅಕ್ಕನ ಗಂಡ ಸೋಮೇಶನ ಕೈಗೆ ಕೊಟ್ಟು ಗುಂಡ್ಲುಪೇಟೆಗೆ ಕಳಿಸಿದ್ದಳು.

“ನಾನೇ ಮೇಡಂ,” ಎಂದ ಕಿರಣ್. “ಆ ಅಜ್ಜೀನ ಒಡ್ದವ್ನು ನಾನೇ.”

“ಕಣ್ಣಾರೆ ನೋಡಿದೆಯಾ?”

“ಇಲ್ಲ. ಅರದನಳ್ಳೀಲಿ ಬೀಗರೂಟದ ಮನೇಲಿ ಗಾಡಿ ಅತ್ತಿದ್ದು ಗ್ಯಾಪ್ಕ ಅದೆ. ಆಮ್ಯಾಕೆ ನೀವು ಕೈ ಅಡ್ಡ ಇಟ್ಟಿದ್ದು. ಮಧ್ಯದ್ದು ಏನೂ ಇಲ್ಲ. ಒಸಿನೂ ಇಲ್ಲ.”

“ಮತ್ತೆ ನೀನೇ ಅಂತ ಹೇಗೆ ಹೇಳ್ತೀಯ?”

“ಬೆಳಿಗ್ಗೆ ಗಾಡಿ ನೋಡ್ದೆ. ಲೈಟು ಒಡ್ದೋಗಿತ್ತು. ಭಾವ ಅಂದ್ರು, ‘ಬರೋವಾಗ್ಲೇ ಏನೋ ಗುದ್ದಿದ್ದೆ ಕಣ್ಲಾ, ನಾಯಿ ಅನ್ಕಂಡೆ, ನಿಂಗೆ ಗ್ಯಾನ ಇರ್ಲಿಲ್ಲ’ ಅಂತ. ಆಮ್ಯಾಕೆ ಫೋನಲ್ಲಿ ಅಜ್ಜಿ ಫೋಟೊ ಬಂತು.”

ಶಂಕರ್ ಕುರ್ಚಿ ಎಳೆದುಕೊಂಡ. “ಮುಗೀತಲ್ಲ ಮೇಡಂ. ತಾನಾಗೇ ಬಂದವ್ನೆ.”

“ಹೆಣ ಬಿದ್ದಿರೋದು ಆ ಪಕ್ಕ. ಇವನು ಬಂದದ್ದು ಈ ಪಕ್ಕ.”

“ಕುಡಿದವನಿಗೆ ಆ ಪಕ್ಕ ಏನು, ಈ ಪಕ್ಕ ಏನು?”

ಅದೂ ನಿಜವೇ. ಶಶಿರೇಖಾ ಪ್ಲಾಸ್ಟಿಕ್ ಕವರಿನಲ್ಲಿದ್ದ ಚಪ್ಪಲಿಯನ್ನು ಮೇಜಿನ ಮೇಲಿಟ್ಟಳು. ಕಿರಣ್ ಅದನ್ನು ಮುಟ್ಟಲಿಲ್ಲ.

“ನನ್ ಮಗಳದು. ಮೇಘನಾ. ನಡೆಯೋಕೆ ಕಲ್ತಾಗ ತಂದಿದ್ದು. ಕಾಲು ಬೆಳೀತು, ಗಾಡಿಗೆ ಕಟ್ದೆ. ಬೆಳಿಗ್ಗೆ ‘ಅಪ್ಪಾ, ಒಂದ್ ಚಪ್ಪಲಿ ಎಲ್ಲೋಯ್ತು’ ಅಂದ್ಲು. ಏನಂತ ಯೋಳ್ಲಿ?” ಅವನು ಮುಖ ಒರೆಸಿಕೊಂಡ. “ನೀವು ಮಿಷನ್ ಊದ್ಸಿದ್ಮ್ಯಾಕೆ ನಾನು ಗಾಡಿ ಮುಂದೆ ಕುಕ್ಕರಗಾಲಲ್ಲಿ ಕುಂತ್ನಲ್ಲ, ಆಗ ಎರಡನ್ನೂ ಇಡ್ಕಂಡು ಅಂದ್ಕಂಡೆ, ಇನ್ಮ್ಯಾಕೆ ಮುಟ್ಟಕಿಲ್ಲ ಕಣವ್ವ ಅಂತ. ಅಷ್ಟೊತ್ತಿಗೆ ಒಂದು ಜೀವ ತೆಗ್ದು ಬಂದಿದ್ದೆ.”

ಶಶಿರೇಖಾಳ ಪೆನ್ನು ನಿಂತಿತು. ಅವನು ಹಾಗೆ ಕೂತದ್ದನ್ನು ಅವಳು ನೋಡಿದ್ದಳು. ಬೆನ್ನು ಮಾತ್ರ ಕಂಡಿತ್ತು. ವಾಂತಿ ಮಾಡುತ್ತಿದ್ದಾನೆ ಅಂದುಕೊಂಡಿದ್ದಳು.

“ಎರಡನ್ನೂ?”

“ಊಂ. ಒಂದೊಂದ್ ಕೈಲಿ ಒಂದೊಂದು.”

“ಶಂಕರ್, ನಿನ್ನೆ ನಂಬರ್ ಪ್ಲೇಟ್ ಫೋಟೊ ತೆಗೆದ್ರಲ್ಲ, ತೋರಿಸಿ.”

ಶಂಕರ್ ಫೋನಿನಲ್ಲಿ ಹುಡುಕಿದ. ಒಂದರ ಹಿಂದೆ ಒಂದು ನಂಬರ್ ಪ್ಲೇಟು. ಒಂದರಲ್ಲಿ ಅವನ ಬೆರಳು ನಿಂತಿತು. ನಂಬರಿನ ಎಡಕ್ಕೊಂದು, ಬಲಕ್ಕೊಂದು ಕೆಂಪು ಚಪ್ಪಲಿ ತೂಗುತ್ತಿದ್ದವು.

ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕಿತು.

ಕಿರಣ್ ಸಿಕ್ಕಿಬಿದ್ದಾಗ ಎರಡೂ ಚಪ್ಪಲಿ ಗಾಡಿಯಲ್ಲೇ ಇದ್ದವು. ಮುದುಕಿಯ ಪಕ್ಕ ಒಂದು ಬಿದ್ದದ್ದು ಅದರ ನಂತರ. ಆಗ ಕೀ ಯಾರ ಕೈಯಲ್ಲಿತ್ತು?

ಆ ಕೀಯನ್ನು ಕೊಟ್ಟ ಕೈಯನ್ನು ಶಶಿರೇಖಾ ಮೇಜಿನ ಕೆಳಗೆ ಇಳಿಸಿದಳು.

ನೀನೂ ಕುಡಿದಿದ್ದೀಯಾ ಎಂದು ಸೋಮೇಶನನ್ನು ಅವಳು ಕೇಳಿದ್ದಳು. ಅವನು ಎದೆಯ ಮೇಲೆ ಕೈಯಿಟ್ಟು, “ಮಾದಪ್ಪನಾಣೆ ಮೇಡಂ, ಒಂದ್ ತೊಟ್ಟು ಮುಟ್ಟಿಲ್ಲ” ಎಂದಿದ್ದ. ಈ ಸೀಮೆಯಲ್ಲಿ ಆ ಹೆಸರು ಹೇಳಿ ಸುಳ್ಳಾಡುವವರನ್ನು ಅವಳು ಕಂಡಿರಲಿಲ್ಲ. ಅವಳ ಅಜ್ಜಿಯ ಮನೆಯಲ್ಲಿ ಆ ಆಣೆ ಬಿದ್ದರೆ ಎಂಥ ಜಗಳವೂ ನಿಂತುಹೋಗುತ್ತಿತ್ತು. ಊದುವ ಯಂತ್ರ ಶಂಕರ್ ಕೈಯಲ್ಲಿತ್ತು. ಅವನು ಚಾಚಿದ್ದ. ಬೇಡ ಬಿಡಿ ಎಂದದ್ದು ಇವಳು.

“ಆದ್ರೆ ಮೇಡಂ,” ಶಂಕರ್ ಮೆಲ್ಲಗೆ ಅಂದ. “ಅವ್ನು ಗುಂಡ್ಲುಪೇಟೆಗೆ ಹೋಗ್ಬೇಕಿತ್ತು. ಹಿಂದಕ್ಕೆ ಹರದನಹಳ್ಳಿಗೆ ಯಾಕೆ ಹೋದ?”

“ಕ್ಯಾರಿಯರ್ರು,” ಎಂದುಬಿಟ್ಟ ಕಿರಣ್.

ಇಬ್ಬರೂ ತಿರುಗಿ ನೋಡಿದರು.

“ಭಾವನ ಅವ್ವಂಗೆ ಅಂತ ಬೀಗರೂಟದ ಸಾರು ಕಟ್ಸಿದ್ದೊ. ಅಲ್ಲೇ ಮರ್ತು ಬಂದೊ ಅಂತ ನೀವು ಇಡ್ದಾಗ ಭಾವ ಅಂತಿದ್ರು.” ಹೇಳುತ್ತಲೇ ಅವನಿಗೆ ತಿಳಿಯಿತು. ಎದ್ದು ನಿಂತ. “ಬ್ಯಾಡಿ ಮೇಡಂ. ನಮ್ಮಕ್ಕ ಅವ್ರ ಮನೇಲಿ ಬಾಳಾಟ ಮಾಡ್ತಾವ್ಳೆ. ನಾನೇ ಅಂತ ಬರ್ಕಳಿ. ಮೊದ್ಲು ಕುಡ್ದು ಗಾಡಿ ಅತ್ತಿದ್ದು ನಾನೇ ತಾನೇ? ನಾನು ನೆಟ್ಟಗಿದ್ದಿದ್ರೆ ಭಾವ ಸ್ಟೇರಿಂಗ್ ಮುಟ್ತಿರ್ಲಿಲ್ಲ.”

“ಕೂತ್ಕೊ. ನಿನ್ನ ತಪ್ಪು ನಿಂದೇ, ಅದನ್ನ ಯಾರೂ ಕಿತ್ಕೊಳ್ಳಲ್ಲ. ಅವನದ್ದೂ ಹೊತ್ಕೊಂಡ್ರೆ ಜೈಲಿಗೆ ಹೋಗೋನು ನೀನು. ಆ ಚಪ್ಪಲಿ ಎಲ್ಲೋಯ್ತು ಅಂತ ಮಗಳು ಮತ್ತೆ ಕೇಳಿದ್ರೆ ಸುಳ್ಳು ಹೇಳಬೇಕಾಗುತ್ತೆ.”

ಅವನು ಕೂತ.

*

ಹರದನಹಳ್ಳಿಯ ಬೀಗರೂಟದ ಮನೆಯಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಯಜಮಾನ ಸಿದ್ದಯ್ಯ ಪೊಲೀಸರನ್ನು ಕಂಡು ಪಂಚೆ ಇಳಿಸಿಕೊಂಡ.

“ಸೋಮೇಶನಾ? ಬಂದಿದ್ದ ಕಣಮ್ಮ. ದೀಪ ಅಚ್ಚೋ ಒತ್ತಲ್ಲಿ. ಒಬ್ನೇ. ಕ್ಯಾರಿಯರ್ ಇಸ್ಕಂಡು ಓದ.”

“ಮೊದಲು ಊಟ ಮಾಡ್ದಾಗ ಕುಡಿದಿದ್ನಾ?”

“ಬೀಗರೂಟದಲ್ಲಿ ನೀರ್ ಕುಡ್ದು ಎದ್ದೋರು ಯಾರವ್ರೆ ಬುಡಿ.” ನಕ್ಕ. ಅವಳು ನಗದಿದ್ದುದನ್ನು ನೋಡಿ ತಾನೂ ನಿಲ್ಲಿಸಿದ. “ಕುಡ್ದಿದ್ದ. ಕಿರಣಂಗಿಂತ ಒಸಿ ಕಮ್ಮಿ. ತಡ್ಕಳೋ ಮೈ ಅವಂದು, ಗೊತ್ತಾಗಕಿಲ್ಲ.”

“ಎರಡನೇ ಸಲ ಬಂದಾಗ ಗಾಡಿ ಹೇಗಿತ್ತು?”

“ಒಂದೇ ಲೈಟು. ‘ಏನ್ಲಾ, ಒಕ್ಕಣ್ಣ ಆಗ್ಬುಟ್ಟಿದ್ದೀಯೆ’ ಅಂತ ಅಡಿಗೆಯವ್ನು ಕಿಚಾಯ್ಸುದ. ಅವ್ನು ನಗ್ಲಿಲ್ಲ. ಇನ್ನೊಂದ್ ಗ್ಲಾಸು ಕೇಳಿ ನಿಂತಲ್ಲೇ ಕುಡ್ದ.”

ಜೀಪಿನಲ್ಲಿ ಶಂಕರ್ ಅಂದ, “ವಾಪಸ್ ಬರ್ತಾ ನಾವು ನಿಂತಿದ್ದ ಜಾಗ ದಾಟೇ ಹೋಗಿರ್ಬೇಕು ಮೇಡಂ.”

“ನಾವು ಕಿರಣ್‌ನ ಕರ್ಕೊಂಡು ಆಸ್ಪತ್ರೇಲಿದ್ವಿ,” ಎಂದಳು ಶಶಿರೇಖಾ.

*

ಗುಂಡ್ಲುಪೇಟೆಯಲ್ಲಿ ಸೋಮೇಶ ಮನೆಯ ಜಗಲಿಯ ಮೇಲೆ ಕೂತಿದ್ದ. ಹಲ್ಲು ಬಿಟ್ಟು ಎದ್ದ.

“ಬನ್ನಿ ಮೇಡಂ. ಪಾಪ, ನಮ್ ಹುಡ್ಗ ಒಳ್ಳೇವ್ನು. ಕುಡ್ತ ಒಂದೇ ನೋಡಿ. ನಾನು ಎಷ್ಟ್ ಬಡ್ಕಂಡೆ.”

ಬಾಗಿಲಲ್ಲಿ ಅವನ ಹೆಂಡತಿ ನಾಗಮಣಿ, ಕಿರಣನ ಅಕ್ಕ. ಅತ್ತು ಅತ್ತು ಕಣ್ಣು ಊದಿತ್ತು. ತಾಯಿ ಮಾದಮ್ಮ ನೀರಿನ ಚೊಂಬು ತಂದಳು. ಒಳಗೆ ಕ್ಯಾರಿಯರಿನ ಡಬ್ಬಿಗಳನ್ನು ಬೋರಲು ಹಾಕಿದ್ದು ಕಾಣುತ್ತಿತ್ತು.

“ನಿನ್ನೆ ಸಾರು ಹೇಗಿತ್ತಜ್ಜಿ?”

“ಎಲ್ಲಿ ಸಾರವ್ವ. ಅರ್ಧ ಚೆಲ್ಲೋಗಿತ್ತು. ದಾರೀಲಿ ಬ್ರೇಕ್ ಒಡ್ದೆ ಅಂದ.”

ಬೆಳಗಿನಿಂದ ಅರ್ಥವಾಗದೆ ಉಳಿದಿದ್ದ ಗುರುತು ಶಶಿರೇಖಾಳಿಗೆ ಈಗ ಅರ್ಥವಾಯಿತು.

“ಸೋಮೇಶ್, ಆ ಕ್ಯಾರಿಯರ್ ನಾನು ಕಿರಣ್‌ನ ಹಿಡಿದಾಗ ಗಾಡಿಯಲ್ಲಿರಲಿಲ್ಲ. ಹರದನಹಳ್ಳಿಯಲ್ಲಿತ್ತು. ನೀನು ನೇರ ಮನೆಗೆ ಬಂದಿದ್ರೆ ಅದು ಇಲ್ಲಿಗೆ ಹೇಗೆ ಬಂತು?”

“ಅದು... ಯಾರೋ ತಂದ್ಕೊಟ್ರು.”

“ನೀನೇ ಹೋಗಿ ಇಸ್ಕೊಂಡೆ. ಸಿದ್ದಯ್ಯ ಹೇಳಿದ್ರು. ಹೋಗುವಾಗ ಎಡಗಡೆ ನಡೀತಿದ್ದ ಮುದುಕಿಗೆ ಗುದ್ದಿದೆ. ಬ್ರೇಕ್ ಹಾಕಲಿಲ್ಲ. ಲೈಟು ಒಡೀತು, ಬಂಪರಿನ ಒಂದು ಚಪ್ಪಲಿ ಕಿತ್ತುಬಿತ್ತು. ನಾನು ನಿನಗೆ ಕೀ ಕೊಟ್ಟಾಗ ಎರಡೂ ಇದ್ದವು. ಫೋಟೊ ಇದೆ. ಸಾರು ಇಸ್ಕೊಂಡು ಅದೇ ದಾರೀಲಿ ವಾಪಸ್ ಬಂದೆ. ಆ ಜಾಗ ಬಂದಾಗ ಬ್ರೇಕ್ ತುಳಿದೆ. ಸಾರು ಚೆಲ್ತು. ನಿಲ್ಲಿಸಿದೆ. ಅಲ್ವಾ?”

ಸೋಮೇಶ ಬಾಗಿಲ ಕಡೆ ನೋಡಿದ.

“ಎಲ್ಲಾ ಸುಳ್ಳು ಅಂತೀಯಾದ್ರೆ ನಿನ್ನೆ ನನ್ ಮುಂದೆ ಮಾಡಿದ ಆಣೆಯನ್ನ ಈಗ ನಿಮ್ಮವ್ವನ ಮುಂದೆ ಮಾಡು.”

“ಏನಾಣೆ ಮಗ?” ಮಾದಮ್ಮ ಕೇಳಿದಳು.

ಅವನ ಕೈ ಎದೆಯ ತನಕ ಬಂತು. ಅಲ್ಲಿಯೇ ನಿಂತಿತು. ತಾಯಿ ಅವನ ಮುಖವನ್ನೇ ನೋಡುತ್ತಿದ್ದಳು. ಕೈ ಕೆಳಗಿಳಿಯಿತು.

“ಇಳೀಲಿಲ್ಲ ಮೇಡಂ,” ಎಂದ. “ನಿಲ್ಸ್ದೆ. ಚರಂಡೀಲಿ ನರಳೋ ಸದ್ದು ಕೇಳ್ತು. ಇಳೀಲಿಲ್ಲ.”

ಮಾದಮ್ಮನ ಕೈಯಿಂದ ಚೊಂಬು ಬೀಳಲಿಲ್ಲ. ಅವಳು ಅದನ್ನು ನಿಧಾನಕ್ಕೆ ನೆಲಕ್ಕಿಟ್ಟು, ಒಳಗೆ ಹೋಗಿ, ಬೋರಲು ಹಾಕಿದ್ದ ಡಬ್ಬಿಗಳನ್ನು ಒಂದೊಂದಾಗಿ ಹಿತ್ತಲಿಗೆ ಎಸೆದಳು. ನಾಗಮಣಿ ಗಂಡನನ್ನು ಕೇಳಿದ್ದು ಒಂದೇ.

“ನನ್ ತಮ್ಮನ ತಲೆಗೆ ಕಟ್ಬುಟ್ಟಲ್ಲ?”

*

ಸಂಜೆ ಆಸ್ಪತ್ರೆಯಿಂದ ಶವಪರೀಕ್ಷೆಯ ವರದಿ ಬಂತು. ಬಿದ್ದ ಮೇಲೆ ಪುಟ್ಟಮಾದಮ್ಮನಿಗೆ ಬಹಳ ಹೊತ್ತು ಜೀವವಿತ್ತು. ತಕ್ಷಣ ತಂದಿದ್ದರೆ ಉಳಿಯಬಹುದಿತ್ತು.

“ಸೋಮೇಶ್ ಕುಡಿದಿದ್ದ ಅನ್ನೋಕೆ ಈಗ ರಕ್ತದಲ್ಲಿ ಏನೂ ಇಲ್ಲ ಮೇಡಂ,” ಎಂದ ಶಂಕರ್. “ಅವನ ಲಾಯರ್ ಅದನ್ನೇ ಹಿಡ್ಕೋತಾನೆ. ನಿನ್ನೆ ಊದಿಸಿದ್ವಿ, ಬರಲಿಲ್ಲ ಅಂತ ಬರೆದ್ರೆ ನಮಗೇನೂ ಬರಲ್ಲ. ಯಾರಿಗೆ ಗೊತ್ತಾಗುತ್ತೆ?”

“ಮಿಷನ್ ನಿಮ್ಮ ಕೈಲಿತ್ತು ಶಂಕರ್. ನಿಮಗೆ ಗೊತ್ತು.”

ಅವಳು ಮೇಲಧಿಕಾರಿಗೆ ಬರೆದಳು. ಮೊದಲ ಸಾಲಿನಲ್ಲೇ ಬರೆದಳು. ಪರೀಕ್ಷೆ ಮಾಡದೆ ಕೀ ಕೊಟ್ಟವಳು ನಾನು.

ಮರುದಿನ ಮಲ್ಲಾಜಮ್ಮನ ಮನೆಗೆ ಹೋದಾಗ ಬಾಗಿಲ ಹೊರಗೆ ಕಿರಣ್ ನಿಂತಿದ್ದ. ಬೆಳಿಗ್ಗೆಯಿಂದ ಹಾಗೇ ನಿಂತವ್ನೆ, ಒಳಗೆ ಬಾ ಅಂದ್ರೂ ಬರಲಿಲ್ಲ ಎಂದರು ನೆರೆಯವರು. ಶಶಿರೇಖಾ ಬೂಟು ಕಳಚಿ ಒಳಗೆ ಹೋದಳು. ಅವಳ ಹಿಂದೆ ಅವನೂ ಚಪ್ಪಲಿ ಬಿಟ್ಟು ಬಂದ.

“ಕೀ ಕೊಟ್ಟವಳು ನಾನು ಮಲ್ಲಾಜಮ್ಮ,” ಎಂದಳು ಶಶಿರೇಖಾ.

“ಗಾಡಿ ನಂದು,” ಎಂದ ಕಿರಣ್. “ಕುಡ್ದೋನು ನಾನು. ನಿಮ್ಮವ್ವನ ಅರಕೆ ಉಳ್ಕಂಡದಂತಲ್ಲ. ನಾನು ಬರಿಗಾಲಲ್ಲಿ ಬೆಟ್ಟಕ್ಕೆ...”

“ಬ್ಯಾಡ.”

ಮಲ್ಲಾಜಮ್ಮ ಕಪ್ಪು ಕನ್ನಡಕ ತೆಗೆದಳು. ಆಪರೇಷನ್ನಾದ ಕಣ್ಣು ಬೆಳಕಿಗೆ ನೀರಾಡಿತು. ಇಬ್ಬರನ್ನೂ ಸರಿಯಾಗಿ ನೋಡಿದಳು.

“ಅವ್ವನ ಅರಕೆ ನಾನ್ ತೀರುಸ್ತೀನಿ. ನೀನು ಕೋರ್ಟಿಗೋಗು. ಲಾಯರು ಯೋಳ್ಕೊಟ್ಟ ಅಂತ ಕುಡ್ದಿರ್ಲಿಲ್ಲ ಅನ್ಬ್ಯಾಡ.” ಶಶಿರೇಖಾಳ ಕಡೆ ತಿರುಗಿದಳು. “ನೀವೂನೂವೆ ಮೇಡಮ್ಮೋರೆ. ಅಲ್ಲಿ ಕೇಳ್ದಾಗ ಇಂಗೇ ಯೋಳಿ.”

“ಹೇಳ್ತೀನಿ.”

“ಓಗಿ ಬನ್ನಿ.”

ಹೊಸ್ತಿಲಾಚೆ ಅವನ ಚಪ್ಪಲಿ, ಅವಳ ಬೂಟು ಪಕ್ಕಪಕ್ಕದಲ್ಲಿದ್ದವು. ಇಬ್ಬರೂ ಅವುಗಳ ಮುಂದೆ ನಿಂತರು. ಯಾರೂ ಬೇಗ ಹಾಕಿಕೊಳ್ಳಲಿಲ್ಲ.