ತೊರೆ ತಡವಾಗಿ ಬಂದ ವರ್ಷ

ಬಹಳ ಬಹಳ ಹಿಂದೆ, ಹಸಿರುಗುಡ್ಡ ಎಂಬ ರಾಜ್ಯದಲ್ಲಿ ಚೌಡಯ್ಯನೆಂಬ ಕುಂಬಾರನಿದ್ದ. ಅವನ ಹೆಂಡತಿ ಹೊನಲಮ್ಮ ಒಂದು ತೊರೆ. ಬೇಸಿಗೆಯ ಕೊನೆಗೆ ಮೋಡದಲ್ಲಿದ್ದ ತವರಿಗೆ ಹೋಗುತ್ತಿದ್ದಳು. ಮಳೆ ಬಿದ್ದ ಮೇಲೆ ಗುಡ್ಡದ ಕಾಡಿನೊಳಗೆ ನಿಧಾನವಾಗಿ ನಡೆದು ಬಂದು, ಮತ್ತೆ ಬೇಸಿಗೆ ಮುಗಿಯುವವರೆಗೂ ಅವನ ಹಿತ್ತಲಲ್ಲೇ ಇರುತ್ತಿದ್ದಳು. ಅವಳು ನೆನೆಸಿಕೊಟ್ಟ ಮಣ್ಣಿನ ಮಡಕೆಗಳು ಒಡೆದದ್ದೇ ಇಲ್ಲ.

ಒಮ್ಮೆ ಅವಳು ತವರಿನಲ್ಲಿದ್ದಾಗ ಕರಾಳನೆಂಬ ಮಾಂತ್ರಿಕ ಬಂದ. ಅವನಿಗೆ ತನ್ನ ಮುಖದ ಮೇಲೆ ಎಲ್ಲಿಲ್ಲದ ಮೋಹ. ಕಾಡನ್ನೆಲ್ಲ ಬೋಳಿಸಿ, ಗುಡ್ಡವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿಕೊಂಡ. ಅವನ ಶಕ್ತಿಯೆಲ್ಲ ಆ ಕನ್ನಡಿಯ ಬಿಂಬದಲ್ಲಿತ್ತು. ಎಲ್ಲಾದರೂ ಹಸಿರು ಚಿಗುರಿದರೆ ತಿಂದುಹಾಕಲಿ ಎಂದು ಹಿತ್ತಾಳೆಯ ಹೋತವೊಂದನ್ನು ಬಿಟ್ಟ.

ಮಳೆ ಬಿತ್ತು. ಹೊನಲಮ್ಮ ಜಾರುತ್ತ, ಕೂಗುತ್ತ ಬಂದಳು. ಚೌಡಯ್ಯ ಅವಳ ಕೈ ಹಿಡಿದ, ಕೈ ಜಾರಿತು. ಅರ್ಧ ಊರಿನ ಗೋಡೆ ಕೆಡವಿ ಅವಳು ಕಡಲು ಸೇರಿದಳು. ಸಂಜೆಗೆಲ್ಲ ಹಿತ್ತಲು ಒಣಗಿತ್ತು. ಅವನು ವರ್ಷವಿಡೀ ಬಾಗಿಲಲ್ಲಿ ಕೂತು ಗುಡ್ಡ ನೋಡಿದ.

ಎರಡನೆಯ ವರ್ಷ ಮನೆಯಷ್ಟು ದೊಡ್ಡ ಗುಡಾಣ ಮಾಡಿ ಅವಳ ದಾರಿಗೆ ಅಡ್ಡ ಇಟ್ಟ. ಅವಳು ಬಂದ ರಭಸಕ್ಕೆ ಅದು ಚೂರುಚೂರಾಯಿತು.

"ಹೆಂಡ್ತೀನ ಮಡಕೇಲಿ ಇಡೋಕೆ ಹೋದ," ಎಂದು ಊರವರು ನಕ್ಕರು. ಅವನಿಗೆ ನಗು ಬರಲಿಲ್ಲ. ಅವಳು ಪಕ್ಕದಲ್ಲಿ ಕೂತು ಮಾತಾಡಿ ಎಷ್ಟು ಕಾಲವಾಗಿತ್ತು!

ಮೂರನೆಯ ವರ್ಷ ಅವನು ಹಿಡಿಯಲು ಹೋಗಲಿಲ್ಲ. ದಡದಲ್ಲಿ ಅವಳ ಜೊತೆಗೇ ಓಡಿದ. "ನಾನೇನು ಮಾಡ್ಲಿ ಹೇಳೇ," ಎಂದ.

"ನನ್ನ ಹಿಡೀಬೇಡಿ," ಎಂದಳು. "ಗುಡ್ಡದ ಮೇಲೆ ಕಾಲೂರೋಕೆ ಜಾಗ ಮಾಡ್ಕೊಡಿ." ಅಷ್ಟರಲ್ಲಿ ಊರು ದಾಟಿದ್ದಳು.

ಚೌಡಯ್ಯ ಮಣ್ಣಿನಲ್ಲಿ ಹುಲ್ಲು ಮಾಡಿ, ಹಸಿರು ಬಳಿದು ಗುಡ್ಡದ ಬುಡದಲ್ಲಿ ಸುರಿದ. ಹೋತ ಮೂರು ರಾಶಿ ತಿಂದು, ಹೊಟ್ಟೆ ಭಾರವಾಗಿ ಕೂತದ್ದು ಮತ್ತೆ ಏಳಲಿಲ್ಲ. ಆಮೇಲೆ ಅವನು ಬುಟ್ಟಿಬುಟ್ಟಿ ಮಣ್ಣು ಹೊತ್ತು, ಬೇರುಸಹಿತ ಹುಲ್ಲು ನೆಟ್ಟ, ಸಸಿ ನೆಟ್ಟ. ನಕ್ಕಿದ್ದ ಊರವರೂ ಬುಟ್ಟಿ ಹೊತ್ತರು. ಇಬ್ಬನಿ ಕುಡಿದು ಎಲ್ಲವೂ ಚಿಗುರಿದವು. ಹಸಿರು ಮೇಲೇರಿ ಕನ್ನಡಿ ಮುಚ್ಚಿದಂತೆ ಕರಾಳನ ಗಲ್ಲ ಮಾಯವಾಯಿತು, ಮೂಗು ಮಾಯವಾಯಿತು, ಕಣ್ಣೂ ಹೋಯಿತು. ಕೊನೆಯ ಹುಲ್ಲು ನೆಡುವಾಗ ಕರಾಳನೇ ಇರಲಿಲ್ಲ.

ಮಳೆ ಬಿತ್ತು. ಹೊನಲಮ್ಮ ಬರಲಿಲ್ಲ. ಒಂದು ದಿನವಾಯಿತು, ಎರಡು ದಿನವಾಯಿತು. ಮೊದಲು ಓಡುತ್ತಲಾದರೂ ಬರುತ್ತಿದ್ದಳಲ್ಲ ಎಂದು ಚೌಡಯ್ಯ ಊಟ ಬಿಟ್ಟು ಅತ್ತ.

ಮೂರನೆಯ ದಿನ ಬೆಳಿಗ್ಗೆ ಹಿತ್ತಲ ನೆಲ ತಣ್ಣಗಾಯಿತು. ಹೊನಲಮ್ಮ ನಡೆದು ಬರುತ್ತಿದ್ದಳು.

"ಯಾಕೇ ಇಷ್ಟು ತಡ?"

"ಒಂದೊಂದು ಬೇರೂ ಕೂತ್ಕೊಂಡು ಹೋಗು ಅಂತು. ಇಲ್ಲ ಅನ್ನೋಕಾಗುತ್ತಾ?" ಎಂದು ಅವಳು ಮಣ್ಣು ನೆನೆಸಲು ಕೂತಳು.

ಅಂದಿನಿಂದ ಆ ಊರು ಸುಖವಾಗಿತ್ತು. ಪ್ರತಿ ವರ್ಷವೂ ಹೊನಲಮ್ಮ ತಡಮಾಡುತ್ತಾಳೆ. ಚೌಡಯ್ಯ ಈಗ ಅಳುವುದಿಲ್ಲ. ತಡವಾಗಿ ಬಂದಷ್ಟೂ ಅವಳು ಹೆಚ್ಚು ದಿನ ಇರುತ್ತಾಳೆಂದು ಅವನಿಗೆ ಗೊತ್ತು.